ಮೊಸಳೆ ಬೇಟೆ: ಮೊದಲು ಹುರಿ, ಆಮೇಲೆ ಬಿಲ್ಲು

ಫ್ಲೋರಿಡಾದಲ್ಲಿ ಮೊದಲ ಸಲ ಅಲಿಗೇಟರ್ ಬೇಟೆಗೆ ಹೊರಟಾಗ ನನ್ನ ಹೆಗಲ ಮೇಲೆ 70 ಪೌಂಡ್ ಎಳೆತದ, ತುದಿಗಳಲ್ಲಿ ರಾಟೆಯಿರುವ ಹೊಚ್ಚಹೊಸ ಕಾಂಪೌಂಡ್ ಬಿಲ್ಲು ಇತ್ತು. ಎರಡು ತಿಂಗಳು ಹಿತ್ತಲಲ್ಲಿ ಹುಲ್ಲಿನ ಕಂತೆಗೆ ಗುರಿಯಿಟ್ಟು ಅಭ್ಯಾಸ ಮಾಡಿದ್ದೆ. ದೋಣಿಯ ಯಜಮಾನ ಆ ಸರೋವರದಲ್ಲೇ ತಲೆ ನರೆಸಿಕೊಂಡವನು. ಬಿಲ್ಲನ್ನು ಮೇಲಿನಿಂದ ಕೆಳಗೆ ನೋಡಿ, "ಚೆನ್ನಾಗಿದೆ. ಹುರಿ ಎಲ್ಲಿ?" ಎಂದ. ನಾನು ಹುರಿಯನ್ನೇ ತಂದಿರಲಿಲ್ಲ.

ಈ ಬೇಟೆಗೆ ಇಳಿಯುವವರು ಮೊದಲು ತಲೆಯಿಂದ ತೆಗೆದುಹಾಕಬೇಕಾದದ್ದು ಬಾಣವೇ ಕೊಲ್ಲುತ್ತದೆ ಎಂಬ ಕಲ್ಪನೆಯನ್ನು. ಜಿಂಕೆಯ ಬೇಟೆಯಲ್ಲಿ ಬಾಣ ಕೊಲ್ಲುತ್ತದೆ. ಇಲ್ಲಿ ಬಾಣದ ಕೆಲಸ ಸೂಜಿಯದು: ಚರ್ಮದೊಳಗೆ ಹೊಕ್ಕು ಹುರಿಯನ್ನು ಅಲ್ಲಿ ನಿಲ್ಲಿಸಿದರೆ ಅದರ ಕರ್ತವ್ಯ ಮುಗಿಯಿತು. ಕಾನೂನು ಹೇಳುವುದೂ ಅದನ್ನೇ. ಬಿಲ್ಲಿನಿಂದಾಗಲಿ, ಅಡ್ಡಬಿಲ್ಲಿನಿಂದಾಗಲಿ ಹೊಡೆಯುವ ಬಾಣಕ್ಕೆ ಹುರಿ ಕಟ್ಟಿರಲೇಬೇಕು. ಪ್ರಾಣಿ ಹುರಿಯ ಹಿಡಿತಕ್ಕೆ ಸಿಕ್ಕ ಮೇಲಷ್ಟೇ ಅದನ್ನು ಕೊಲ್ಲಬಹುದು. ದೂರದಿಂದ ಬಂದೂಕು ಹಾರಿಸುವಂತಿಲ್ಲ. ಗುಂಡೋ ಬಾಣವೋ ತಿಂದ ಅಲಿಗೇಟರ್ ತಳಕ್ಕೆ ಮುಳುಗಿದರೆ ಕೆಸರಿನಲ್ಲಿ ಅದನ್ನು ಹುಡುಕುವವರು ಯಾರು?

ಚೀಟಿ ಎತ್ತಿದ ಮೇಲೆ ಉಳಿದದ್ದು

1967ರಲ್ಲಿ ಅಮೆರಿಕದ ಅಲಿಗೇಟರ್ ಅಳಿವಿನ ಅಂಚಿನ ಪಟ್ಟಿ ಸೇರಿತ್ತು. ಇಪ್ಪತ್ತು ವರ್ಷಗಳ ರಕ್ಷಣೆಯ ನಂತರ, 1987ರಲ್ಲಿ, ಚೇತರಿಸಿಕೊಂಡಿದೆ ಎಂದು ಘೋಷಿಸಲಾಯಿತು. ಮರುವರ್ಷವೇ ಫ್ಲೋರಿಡಾ ಸಾರ್ವಜನಿಕ ಬೇಟೆಯನ್ನು ಆರಂಭಿಸಿತು. ಈಗ ಆ ರಾಜ್ಯದಲ್ಲಿ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ. ಮನೆ ಹಿಂದಿನ ಮಳೆನೀರಿನ ಹೊಂಡದಲ್ಲೂ ಒಂದು ಮರಿ ಕಣ್ಣು ಪಿಳುಕಿಸುತ್ತಿರುತ್ತದೆ. ಅಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪರವಾನಗಿ ಕೊಡುವುದು ರಾಜ್ಯದ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಆಯೋಗ, ಅದೂ ಲಾಟರಿಯ ಮೂಲಕ. ವಯಸ್ಸು 18 ತುಂಬಿರಬೇಕು. ಗೆದ್ದವರಿಗೆ ಇಂಥ ಸರೋವರ, ಇಂಥ ಅವಧಿ ಎಂದು ಗೊತ್ತುಮಾಡಿ ಎರಡು ಟ್ಯಾಗ್ ಕೊಡುತ್ತಾರೆ. ಎರಡು ಟ್ಯಾಗ್ ಎಂದರೆ ಎರಡೇ ಪ್ರಾಣಿ. ಋತು ಆಗಸ್ಟ್ 15ರಿಂದ ನವೆಂಬರ್ 1ರವರೆಗೆ. ದೋಣಿಯಲ್ಲಿ ಕೈಜೋಡಿಸುವ ಗೆಳೆಯನಿಗೂ ಸಹಾಯಕನ ಪರವಾನಗಿ ಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ಆ ವರ್ಷದ ಕೈಪಿಡಿಯನ್ನು ಓದಿಕೊಂಡೇ ಹೊರಡಿ.

ಇನ್ನೊಂದು ತೊಡಕು ನಮ್ಮ ಭಾಷೆಯದು. ಮೂತಿ ಹೇಗಿದ್ದರೂ ನಾವು ಮೊಸಳೆ ಎಂದು ಒಂದೇ ಹೆಸರಿನಲ್ಲಿ ಕರೆದುಬಿಡುತ್ತೇವೆ. ದಕ್ಷಿಣ ಫ್ಲೋರಿಡಾದಲ್ಲಿ ಈ ಧಾರಾಳ ಜೈಲಿಗೆ ದಾರಿ ತೋರಿಸಬಹುದು. ಅಲ್ಲಿ ಅಲಿಗೇಟರ್ ಜೊತೆಗೆ ಅಮೆರಿಕನ್ ಕ್ರೊಕೊಡೈಲ್ ಕೂಡ ಇದೆ, ಅದನ್ನು ಮುಟ್ಟುವಂತಿಲ್ಲ. ಅಲಿಗೇಟರ್ ಕಪ್ಪಗೆ, ಅದರ ಮೂತಿ ಸೌಟಿನಂತೆ ಅಗಲ ಮತ್ತು ದುಂಡು. ಕ್ರೊಕೊಡೈಲ್‌ನದು ಬೂದುಹಸಿರು ಮೈ, ಚೂಪು ಮೂತಿ. ಬಾಯಿ ಮುಚ್ಚಿದಾಗಲೂ ಕೆಳದವಡೆಯ ನಾಲ್ಕನೆಯ ಹಲ್ಲು ಹೊರಗೆ ಕಾಣುತ್ತದೆ. ಅನುಮಾನ ಬಂದರೆ ಬಿಲ್ಲು ಕೆಳಗಿಡಿ. ಊರಿನಲ್ಲಂತೂ ಈ ಮಾತನ್ನೇ ಎತ್ತಬೇಡಿ. ದಾಂಡೇಲಿಯ ಕಾಳಿ ನದಿಯಲ್ಲಿ ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇದೆ.

ಹುರಿ ಮತ್ತು ಬೆಂಡು

ಕೈಯಲ್ಲಿರುವ ಹಣದ ದೊಡ್ಡ ಪಾಲು ಇಲ್ಲಿಗೇ ಹೋಗಲಿ. ಬಿಲ್ಲಿನಿಂದ ಮೀನು ಹೊಡೆಯುವವರು ಬಳಸುವ ಹೆಣೆದ ಹುರಿ 200 ಪೌಂಡ್ ತಡೆಯುತ್ತದೆ. ಅಲಿಗೇಟರ್‌ಗೆ ಅದು ಸಾಲದು. 400 ಪೌಂಡ್‌ಗಿಂತ ಹೆಚ್ಚು ತಡೆಯುವ ಹೆಣಿಗೆ ಹುರಿಯನ್ನೇ ಕೊಳ್ಳಿ. ಅದು ದಪ್ಪವಾಗಿರುವುದರಿಂದ ಇನ್ನೊಂದು ಅನುಕೂಲವಿದೆ: ಒದ್ದೆಯಾದಾಗ ಬೆರಳನ್ನು ಕೊಯ್ಯುವುದು ಕಡಿಮೆ. ತೆಳು ಹುರಿ ಎಷ್ಟೇ ಗಟ್ಟಿಯಾಗಿದ್ದರೂ ಕೈಯಲ್ಲಿ ಹಿಡಿದು ಎಳೆಯುವಾಗ ಬ್ಲೇಡಿನಂತಾಗುತ್ತದೆ.

ಹುರಿಯ ಇನ್ನೊಂದು ತುದಿ ಬಿಲ್ಲಿನಲ್ಲೇ ಉಳಿಯಬಾರದು. ಬಿಲ್ಲಿಗೆ ಕೂರಿಸಿದ ರೀಲಿನಲ್ಲಿ ಮೀನನ್ನು ಎಳೆಯಬಹುದು, ಎಂಟು ಅಡಿಯ ಪ್ರಾಣಿಯನ್ನಲ್ಲ. ಅದು ಓಡಿದರೆ ಬಿಲ್ಲೂ ಹೋಗುತ್ತದೆ, ಬಿಲ್ಲು ಬಿಡದೆ ಹಿಡಿದವನೂ ನೀರಿಗೆ ಬೀಳುತ್ತಾನೆ. ಅದಕ್ಕೇ ತುದಿಗೆ ಬೆಂಡು ಕಟ್ಟುವುದು. ನಮ್ಮ ಹೊಳೆಯಲ್ಲಿ ಗಾಳದ ದಾರಕ್ಕೆ ಕಟ್ಟುವ ಬೆಂಡೇ ಇದು, ಗಾತ್ರದಲ್ಲಿ ಮಾತ್ರ ಕುಂಬಳಕಾಯಿ. ಬಣ್ಣ ಕಿತ್ತಳೆಯೋ ಬಿಳಿಯೋ ಆಗಿದ್ದು, ಟಾರ್ಚ್ ಬೆಳಕಿಗೆ ಹೊಳೆಯುವ ಪಟ್ಟಿ ಸುತ್ತಿರಲಿ. ಹುರಿಯ ಉದ್ದ ನೀರಿನ ಆಳದ ಎರಡು ಮೂರು ಪಟ್ಟು ಸಾಕು. ಓಕಿಚೋಬಿಯಂಥ ದೈತ್ಯ ಸರೋವರದ ಸರಾಸರಿ ಆಳವೇ ಸುಮಾರು ಒಂಬತ್ತು ಅಡಿ. ಅನಗತ್ಯವಾಗಿ ಉದ್ದ ಬಿಟ್ಟರೆ ಅಂತರಗಂಗೆಯ ಬೇರುಗಳಿಗೆ ಸುತ್ತಿಕೊಂಡು ಅರ್ಧ ರಾತ್ರಿ ಅದನ್ನು ಬಿಡಿಸುವುದರಲ್ಲೇ ಕಳೆಯುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ.

ಹುರಿಯನ್ನು ದೋಣಿಯ ನೆಲದ ಮೇಲೆ ಹರಡಬೇಡಿ. ಅಗಲ ಬಾಯಿಯ ಪ್ಲಾಸ್ಟಿಕ್ ಬಕೆಟಿನೊಳಗೆ ಸುರುಳಿಯಾಗಿ ಇಳಿಸಿ, ಬೆಂಡನ್ನು ಪಕ್ಕದಲ್ಲಿಡಿ. ಬಾಣ ಹೊರಟಾಗ ಹುರಿ ಬಕೆಟಿನಿಂದ ಹಾವಿನಂತೆ ಸರ್ರನೆ ಏಳುತ್ತದೆ. ಆ ಕ್ಷಣದಲ್ಲಿ ಯಾರ ಕಾಲೂ ಕುಣಿಕೆಯೊಳಗೆ ಇರಬಾರದು.

ಬಾಣ

ಗರಿ ಇರುವ ಹಗುರ ಬಾಣ ಇಲ್ಲಿ ಕೆಲಸಕ್ಕೆ ಬಾರದು. ಗಟ್ಟಿ ಫೈಬರ್‌ಗ್ಲಾಸಿನ, ಗರಿಯಿಲ್ಲದ, ಭಾರದ ಬಾಣ ಬೇಕು. ಮೊನೆ ಕಳಚಿಕೊಳ್ಳುವಂಥದ್ದಾಗಿರಲಿ. ಚರ್ಮದೊಳಗೆ ಹೊಕ್ಕ ಮೊನೆ ಅಲ್ಲೇ ಉಳಿದು ಕಡ್ಡಿ ಬೇರೆಯಾಗಬೇಕು; ಹುರಿ ಉಕ್ಕಿನ ತಂತಿಯ ಮೂಲಕ ನೇರವಾಗಿ ಮೊನೆಗೇ ಸೇರಿರಬೇಕು. ಕಡ್ಡಿ ಮೈಯಲ್ಲೇ ಚುಚ್ಚಿಕೊಂಡು ನಿಂತರೆ ಪ್ರಾಣಿ ಒಂದು ಸುತ್ತು ಉರುಳುತ್ತದೆ, ಕಡ್ಡಿ ಸನ್ನೆಗೋಲಿನಂತೆ ಮೊನೆಯನ್ನು ಮೀಟಿ ಕಿತ್ತುಹಾಕುತ್ತದೆ. ಮೊನೆಯ ಮುಳ್ಳುಗಳನ್ನು ಬೆರಳಿನಿಂದ ಒತ್ತಿ ನೋಡಿ. ಸಡಿಲವಾಗಿ ಅಲ್ಲಾಡುವ ಮುಳ್ಳು ಕಚ್ಚುವುದಿಲ್ಲ.

ಹುರಿಯನ್ನು ಬಾಣದ ಹಿಂತುದಿಯ ತೂತಿಗೆ ಕಟ್ಟುವ ಹಳೆಯ ಪದ್ಧತಿ ಬೇಡವೇ ಬೇಡ. ಹುರಿ ಹೆದೆಗೆ ಸಿಕ್ಕಿಕೊಂಡರೆ ಬಿಟ್ಟ ಬಾಣ ತಿರುಗಿ ಬಿಟ್ಟವನ ಮುಖಕ್ಕೇ ಬರುತ್ತದೆ. ಬಾಣದ ಉದ್ದಕ್ಕೂ ಜಾರುವ ಸಣ್ಣ ಬಳೆಯೊಂದು ಸಿಗುತ್ತದೆ. ಹುರಿ ಅದರ ಮೂಲಕ ಹೋದರೆ ಎಳೆಯುವ ಹೊತ್ತಿನಲ್ಲಿ ಅದು ಹೆದೆಯ ಮುಂದೆಯೇ ಇರುತ್ತದೆ. ಬೆಲೆ ಅಗ್ಗ, ಉಳಿಸುವುದು ಕಣ್ಣು.

ಇನ್ನು ಬಿಲ್ಲು. 50 ಪೌಂಡ್ ಆಸುಪಾಸಿನ ಎಳೆತ ಸಾಕು. ಹೊಡೆಯುವುದು ಹತ್ತು ಹದಿನೈದು ಗಜದಿಂದ, ಕೆಲವೊಮ್ಮೆ ಅದಕ್ಕೂ ಹತ್ತಿರದಿಂದ. ರಾಟೆಯಿಲ್ಲದ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಾದರೆ ಪೂರ್ತಿ ಎಳೆಯದೆಯೂ ತಟ್ಟನೆ ಬಿಡಬಹುದು. ಅಲ್ಲಾಡುವ ದೋಣಿಯಲ್ಲಿ ಅದೇ ನನಗೆ ಒಗ್ಗಿದ್ದು. ನನ್ನ 70 ಪೌಂಡಿನ ಬಿಲ್ಲು ಈಗಲೂ ಗ್ಯಾರೇಜಿನಲ್ಲಿ ನೇತಾಡುತ್ತಿದೆ.

ಕತ್ತಲಲ್ಲಿ ಕಣ್ಣು

ಹೆಚ್ಚಿನವರು ರಾತ್ರಿ ಹೊರಡುತ್ತಾರೆ. ಆಗಸ್ಟಿನಲ್ಲಿ ಫ್ಲೋರಿಡಾದ ಮಧ್ಯಾಹ್ನವೆಂದರೆ ಸಿಡಿಲಿನ ಹೊತ್ತು. ಮೋಡ ತಿಳಿಯಾಗುವವರೆಗೆ ದಡದಲ್ಲೇ ಇರಿ. ತಲೆಗೆ ಕಟ್ಟಿದ ದೀಪವನ್ನು ನೀರಿನ ಮೇಲೆ ಹಾಯಿಸಿದರೆ ಕೆಂಡದಂಥ ಕೆಂಪು ಕಣ್ಣುಗಳು ಹೊಳೆಯುತ್ತವೆ. ದೊಡ್ಡ ಮೋಟಾರು ನಿಲ್ಲಿಸಿ, ಬ್ಯಾಟರಿಯ ಸಣ್ಣ ಮೋಟಾರಿನಲ್ಲಿ ಸಮೀಪಿಸಿ. ಬೆಳಕನ್ನು ಕಣ್ಣಿನ ಮೇಲೆಯೇ ಇಟ್ಟಿರಿ. ದೋಣಿಯಲ್ಲಿ ಪಾತ್ರೆಯೊಂದು ಠಣ್ ಎಂದರೂ ಎರಡು ಕೆಂಡಗಳೂ ಒಟ್ಟಿಗೆ ಆರಿಹೋಗುತ್ತವೆ.

ಉದ್ದ ಅಂದಾಜಿಸುವ ಉಪಾಯ ಸರಳ. ಕಣ್ಣಿನಿಂದ ಮೂಗಿನ ಹೊಳ್ಳೆಯವರೆಗೆ ಎಷ್ಟು ಅಂಗುಲವೋ ಪ್ರಾಣಿ ಹೆಚ್ಚುಕಡಿಮೆ ಅಷ್ಟು ಅಡಿ. ಎಂಟು ಅಂಗುಲವಿದ್ದರೆ ಎಂಟು ಅಡಿ. ಮೊದಲ ಬೇಟೆಗೆ ಏಳೆಂಟು ಅಡಿಯದೇ ಸರಿ. ಫ್ಲೋರಿಡಾದ ಉದ್ದದ ದಾಖಲೆ 14 ಅಡಿ ಮೂರೂವರೆ ಅಂಗುಲ, ತೂಕದ ದಾಖಲೆ 1,043 ಪೌಂಡ್. ಅಂಥದ್ದು ಎದುರಾದರೆ ನಮಸ್ಕಾರ ಹೇಳಿ ದೋಣಿ ತಿರುಗಿಸಿ. ಸುತ್ತ ಮರಿಗಳ ಸಣ್ಣ ಕಣ್ಣುಗಳು ಮಿನುಗುತ್ತಿದ್ದರೆ ಆಗಲೂ ತಿರುಗಿಸಿ. ಮೊಟ್ಟೆಯೊಡೆಯುವ ಕಾಲ ಅದು, ಪಕ್ಕದಲ್ಲಿರುವುದು ತಾಯಿ.

ಗುರಿ ಎಲ್ಲಿಗೆ? ತಲೆಬುರುಡೆ ಕಲ್ಲು. ಬೆನ್ನಿನ ಚರ್ಮದ ಕೆಳಗೆ ಮೂಳೆಯ ಬಿಲ್ಲೆಗಳು ಸಾಲಾಗಿವೆ, ಬಾಣ ಜಾರಿ ಹಾರುತ್ತದೆ. ಹೊಟ್ಟೆ ಮೆತ್ತಗಿದೆ ನಿಜ, ಆದರೆ ಬೆಲೆ ಬಾಳುವ ಚರ್ಮವೇ ಅದು, ತೂತು ಬಿದ್ದರೆ ಕೊಳ್ಳುವವನು ಮುಖ ಸಿಂಡರಿಸುತ್ತಾನೆ. ಕತ್ತಿನ ಪಕ್ಕ ಅಥವಾ ಬಾಲದ ಬುಡದ ಪಕ್ಕ, ಇವೆರಡೇ ಸರಿಯಾದ ಜಾಗ. ಆ ಭಾಗ ನೀರಿನೊಳಗಿದ್ದರೆ ಬೆಳಕು ಬಾಗುವುದರಿಂದ ಮೈ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಕಂಡದ್ದಕ್ಕಿಂತ ಸ್ವಲ್ಪ ಕೆಳಗೆ ಹೊಡೆಯಿರಿ. ಇದಕ್ಕೆ ಹುಲ್ಲಿನ ಕಂತೆಯ ಅಭ್ಯಾಸ ಒದಗುವುದಿಲ್ಲ. ಕೆರೆಯಲ್ಲಿ ಮುಳುಗಿಸಿದ ಪ್ಲಾಸ್ಟಿಕ್ ಡಬ್ಬಿಗೆ ಹುರಿ ಕಟ್ಟಿದ ಬಾಣದಿಂದಲೇ ಹೊಡೆದು ಕೈ ಪಳಗಿಸಿಕೊಳ್ಳಿ.

ಬೆಂಡಿನ ಹಿಂದೆ

ಬಾಣ ನಾಟಿದ ಮೇಲೆ ಮಾಡಬೇಕಾದದ್ದು ಏನೂ ಇಲ್ಲ. ಬೆಂಡನ್ನು ನೀರಿಗೆ ಬಿಟ್ಟು ಕಾಯಿರಿ. ಹೊಸಬರು ಸೋಲುವುದು ಇಲ್ಲಿಯೇ. ಬೆಂಡು ಮೊದಲು ನೀರು ಸೀಳುತ್ತಾ ಓಡುತ್ತದೆ, ಮುಳುಗುತ್ತದೆ, ಐವತ್ತು ಅಡಿ ಆಚೆ ಪುಳಕ್ಕನೆ ಏಳುತ್ತದೆ. ಆಮೇಲೆ ನಿಲ್ಲುತ್ತದೆ. ನಿಂತಿತೆಂದರೆ ಪ್ರಾಣಿ ಸತ್ತಿತು ಎಂದಲ್ಲ. ತಳದ ಕೆಸರಿನಲ್ಲಿ ಹೊಟ್ಟೆ ಊರಿ ಉಸಿರು ಬಿಗಿಹಿಡಿದು ಕೂತಿದೆ ಎಂದರ್ಥ. ಸುಮ್ಮನಿದ್ದರೆ ಅದು ಒಂದು ಗಂಟೆ ಹಾಗೇ ಇರಬಲ್ಲದು.

ಬೆಂಡನ್ನು ಎತ್ತಿಕೊಂಡು, ಗಟ್ಟಿ ಕೈಗವಸು ತೊಟ್ಟು, ಹುರಿಯನ್ನು ಮೆಲ್ಲಗೆ ಬಿಗಿಮಾಡಿ. ಅಂಗೈಗಾಗಲಿ ಮಣಿಕಟ್ಟಿಗಾಗಲಿ ಒಂದು ಸುತ್ತೂ ಸುತ್ತಿಕೊಳ್ಳಬೇಡಿ. ಹುರಿಯ ಆ ತುದಿಯಲ್ಲಿ ಮೊದಲು ಏನೂ ಇಲ್ಲವೆನಿಸುತ್ತದೆ, ಮರದ ಬೇರಿಗೆ ಕಟ್ಟಿದಂತೆ. ಆಮೇಲೆ ಬೇರು ನಡೆಯತೊಡಗುತ್ತದೆ. ಎಳೆದರೆ ಬಿಡಿ, ನಿಂತರೆ ಎಳೆಯಿರಿ.

ಒಂದು ಹುರಿಯನ್ನು ನಂಬಿ ಪ್ರಾಣಿಯನ್ನು ದೋಣಿಯ ಪಕ್ಕಕ್ಕೆ ತರಬಾರದು. ತಲೆ ಮೇಲೆ ಬಂದ ಕೂಡಲೇ ಜೊತೆಗಾರ ಎರಡನೆಯ ಹುರಿಯನ್ನು ಸೇರಿಸಬೇಕು. ಇದಕ್ಕೆ ಬಿಲ್ಲಿಗಿಂತ ಹುರಿ ಕಟ್ಟಿದ ಈಟಿ ವಾಸಿ. ಇಷ್ಟು ಹತ್ತಿರದಲ್ಲಿ ಗುರಿ ಹಿಡಿಯುವ ಪುರಸೊತ್ತಿರುವುದಿಲ್ಲ, ಚುಚ್ಚುವುದೊಂದೇ. ಬಿಲ್ಲಿನ ಅಭಿಮಾನಿಗಳು ಎರಡನೆಯದನ್ನೂ ಬಾಣದಿಂದಲೇ ಹೊಡೆಯುತ್ತೇನೆ ಎಂದು ಹಟ ಹಿಡಿಯುತ್ತಾರೆ. ನಾನು ಆ ದೋಣಿ ಹತ್ತುವುದಿಲ್ಲ.

ಮುಗಿಸುವುದು

ಕೊಲ್ಲಲು ಬಳಸುವುದು ಬ್ಯಾಂಗ್‌ಸ್ಟಿಕ್. ಉದ್ದ ಕೋಲಿನ ತುದಿಯಲ್ಲಿ ಒಂದೇ ತೋಟಾ ಕೂರುವ ಕೊಳವೆ, ಒತ್ತಿದರೆ ಸಿಡಿಯುತ್ತದೆ. ತಲೆಬುರುಡೆಯ ಗಟ್ಟಿ ಫಲಕ ಮುಗಿಯುವ ಕಡೆ, ಅದರ ಹಿಂದೆ, ನಟ್ಟನಡುವೆ ಮೆತ್ತನೆಯ ಜಾಗವಿದೆ. ಕೊಳವೆಯನ್ನು ಮೂತಿಯ ಕಡೆಗೆ ಓರೆ ಮಾಡಿ, ತುದಿ ನೀರಿನ ಮಟ್ಟಕ್ಕಿಂತ ಕೆಳಗಿರುವಂತೆ ನೋಡಿಕೊಂಡು ಅಲ್ಲಿಗೆ ಒತ್ತಿ. ತೋಟಾ ತುಂಬುವುದು ಪ್ರಾಣಿ ಪಕ್ಕಕ್ಕೆ ಬಂದ ಮೇಲೆ, ಒಬ್ಬನೇ ಒಬ್ಬ, ಎಲ್ಲರಿಗೂ ಕೂಗಿ ಹೇಳಿ.

ಅಲ್ಲಾಡುವುದು ನಿಂತರೂ ನಂಬಬೇಡಿ. ಸತ್ತಿತೆಂದು ದೋಣಿಗೆ ಎಳೆದುಕೊಂಡದ್ದು ಅರ್ಧ ದಾರಿಯಲ್ಲಿ ಎದ್ದು ಕೂತ ಕಥೆ ಪ್ರತಿ ದೋಣಿಕಟ್ಟೆಯಲ್ಲೂ ಇದೆ. ನೀರಿನಲ್ಲಿರುವಾಗಲೇ ಬಾಯಿಗೆ ಎಲೆಕ್ಟ್ರಿಕಲ್ ಟೇಪ್ ಸುತ್ತಿ. ಕಚ್ಚುವ ಸ್ನಾಯು ಎಷ್ಟು ಬಲವೋ ಬಾಯಿ ತೆರೆಯುವ ಸ್ನಾಯು ಅಷ್ಟೇ ದುರ್ಬಲ, ನಾಲ್ಕಾರು ಸುತ್ತು ಟೇಪ್ ಸಾಕು. ಟೇಪಿನ ಮೊದಲ ಸುತ್ತು ಒದ್ದೆ ಚರ್ಮಕ್ಕೆ ಅಂಟದೆ ಜಾರುತ್ತದೆ. ಎರಡನೆಯದು ಟೇಪಿನ ಮೇಲೆ ಟೇಪ್ ಆದ್ದರಿಂದ ಕಚ್ಚಿಕೊಳ್ಳುತ್ತದೆ. ಆಮೇಲೆ ತಲೆಯ ಹಿಂದೆ ಚಾಕು ಇಳಿಸಿ ಬೆನ್ನುಹುರಿ ಕತ್ತರಿಸಿ, ತೆಳು ಸರಳನ್ನು ಮೆದುಳಿನೊಳಗೆ ಆಡಿಸಿ. ಓದಲು ಹಿಂಸೆಯೆನಿಸಬಹುದು. ಮಾಡದೆ ಬಿಟ್ಟರೆ ಪ್ರಾಣಿಗೆ ಅದಕ್ಕಿಂತ ಹೆಚ್ಚಿನ ಹಿಂಸೆ.

ಕೂಡಲೇ ಬಾಲದ ತುದಿಯಿಂದ ಆರು ಅಂಗುಲದೊಳಗೆ ಟ್ಯಾಗ್ ಚುಚ್ಚಿ ಬೀಗ ಹಾಕಿ. ಬೇಟೆಯ ವರದಿಯನ್ನು 24 ಗಂಟೆಯೊಳಗೆ ತುಂಬಬೇಕು. ಮಂಜುಗಡ್ಡೆ ಧಾರಾಳವಾಗಿರಲಿ, ಆಗಸ್ಟಿನ ಸೆಕೆಯಲ್ಲಿ ಮಾಂಸವೂ ಚರ್ಮವೂ ಬೆಳಗಾಗುವುದರೊಳಗೆ ಕೆಡುತ್ತವೆ.

ಅಡುಗೆಗೆ ಬಾಲದ ಮಾಂಸವೇ ಮೇಲು, ದವಡೆಯದು ಅದರ ನಂತರ. ಕೊಬ್ಬನ್ನು ಎಳೆ ಉಳಿಯದಂತೆ ಬಿಡಿಸಿ ತೆಗೆಯಿರಿ, ಕೆಸರಿನ ವಾಸನೆ ಇರುವುದು ಅದರಲ್ಲಿಯೇ. ಅಂಗುಲದ ತುಂಡು ಮಾಡಿ, ಉಪ್ಪು, ಅರಿಸಿನ, ನಿಂಬೆರಸ ಹಚ್ಚಿ ಒಂದು ಗಂಟೆ ಬಿಟ್ಟು, ಕಾಳುಮೆಣಸು ಕರಿಬೇವಿನ ಜೊತೆ ದೊಡ್ಡ ಉರಿಯಲ್ಲಿ ಹುರಿಯಿರಿ. ಹೆಚ್ಚು ಹೊತ್ತು ಬಿಟ್ಟರೆ ರಬ್ಬರ್ ಆಗುತ್ತದೆ. ನಮ್ಮ ಮನೆಯಲ್ಲಿ ಒಲೆಯನ್ನು ಹಿತ್ತಲಿಗೆ ಸಾಗಿಸಿದ ಮೇಲಷ್ಟೇ ಅನುಮತಿ ಸಿಕ್ಕಿತು.