ಆಟದ ಗ್ರೌಂಡಿಗೆ ನೀರು ಹಾಕೋ ಲೆಕ್ಕ: ಕಲಬುರಗಿ ಬಿಸಿಲಿಗೂ ಅಡ್ಡಮಳಿಗೂ

ಹೋದ ವರ್ಷ ಆಗಸ್ಟ್‌ದಾಗ ಒಂದಿನ ಮುಂಜಾನಿ ಗ್ರೌಂಡಿಗೆ ಹೋದೆ. ರಾತ್ರಿ ಜೋರು ಮಳಿ ಹೊಡದಿತ್ತು, ಔಟ್‌ಫೀಲ್ಡ್ ತುಂಬಾ ನೀರು ನಿಂತಿತ್ತು, ಆ ನಿಂತ ನೀರಿನ ಮ್ಯಾಲೇ ಸ್ಪ್ರಿಂಕ್ಲರ್ ಟಕಟಕ ಅಂತ ತಿರುಗ್ಲಾಕತ್ತಿತ್ತು. ಮೇ ತಿಂಗಳದಾಗ ಸೆಟ್ ಮಾಡಿದ ಟೈಮರ್ ಅದು, ಆಮ್ಯಾಲ ಯಾರೂ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ಅದೇ ಗ್ರೌಂಡಿಗೆ ಮೂರು ತಿಂಗಳ ಹಿಂದ ರೊಕ್ಕ ಕೊಟ್ಟು ಟ್ಯಾಂಕರ್ ತರಿಸಿದ್ವಿ. ಅವತ್ತು ಮನಸ್ಸಿಗೆ ಭಾಳ ಕೆಟ್ಟ ಅನಿಸ್ತು. ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೀನಿ, ಕಿರಾಣಿ ಅಂಗಡಿ ಉದ್ರಿ ಖಾತೆ ಇದ್ದಂಗ, ಗ್ರೌಂಡಿಗೆ ಎಷ್ಟು ನೀರು ಬಂತು, ಎಷ್ಟು ಹೋಯ್ತು ಅಂತ ದಿನಾ ಬರೀತೀನಿ. ಶಾಲಿ ಗ್ರೌಂಡ್, ಕಾಲೇಜ್ ಗ್ರೌಂಡ್, ಊರಿನ ಕ್ರಿಕೆಟ್ ಮೈದಾನ ನೋಡಿಕೊಳ್ಳೋರು ಯಾರಾದ್ರೂ ಮಾಡಬಹುದು, ದೊಡ್ಡ ಮಷಿನ್ ಏನೂ ಬೇಕಾಗಿಲ್ಲ.

ಮೊದಲು ನಿಮ್ಮ ಮಣ್ಣು ಯಾವುದು ನೋಡ್ರಿ

ಕಲಬುರಗಿ ಸುತ್ತಮುತ್ತ ಎರಿ ಮಣ್ಣು, ಅಂದ್ರ ಕಪ್ಪು ಜಿಗಿ ಮಣ್ಣು. ಒದ್ದಿ ಆದ್ರ ಉಬ್ಬತದ, ಒಣಗಿದ್ರ ಕುಗ್ಗಿ ಬಾಯಿ ಬಿಡ್ತದ, ಏಪ್ರಿಲ್ ಬಂತಂದ್ರ ಕೈ ಹೋಗುವಷ್ಟು ಬಿರುಕು. ನೀರು ಹಿಡಿಯೋ ಶಕ್ತಿ ಈ ಮಣ್ಣಿಗೆ ಭಾಳ ಅದ, ಆದ್ರ ಕುಡಿಯೋದು ಭಾಳ ನಿಧಾನ. ಜಿಗಿ ಮಣ್ಣು ಒಂದು ತಾಸಿಗೆ 1ರಿಂದ 5 ಮಿ.ಮೀ. ನೀರು ಅಷ್ಟೇ ಒಳಗ ತಗೋತದ, ಉಸುಕು ಮಣ್ಣಾದ್ರ 30 ಮಿ.ಮೀ.ಗಿಂತ ಜಾಸ್ತಿ ಎಳಕೋತದ. ಬೀದರ ಕಡೆ ಹೋದ್ರ ಕೆಂಪು ಜಂಬಿಟ್ಟಿಗೆ ಮಣ್ಣು, ಬೀದರ ಕೋಟೆ ನಿಂತಿದ್ದೇ ಆ ಕಲ್ಲಿನ ಮ್ಯಾಲ, ನೀರು ಲಗೂ ಇಳೀತದ, ಲಗೂ ಖಾಲೀನೂ ಆಗ್ತದ. ಯಾದಗಿರಿ ಜಿಲ್ಲಾದಾಗ ಎರಿನೂ ಅದ ಮಸಾರಿನೂ (ಕೆಂಪು ಮಣ್ಣು) ಅದ, ಒಂದೊಂದು ಕಡೆ ಒಂದೇ ಗ್ರೌಂಡಿನಾಗ ಎರಡೂ ಸಿಗ್ತಾವ, ಯಾಕಂದ್ರ ಲೆವೆಲ್ ಮಾಡುವಾಗ ಎಲ್ಲಿಂದೋ ಮಣ್ಣು ತಂದು ಹಾಕಿರ್ತಾರ. ಅದಕ್ಕೇ ನಾಕೈದು ಕಡೆ ಒಂದು ಗೇಣು ತೋಡಿ ನೋಡ್ರಿ, ಬೇರು ಎಲ್ಲಿತನಕ ಇಳಿದಾವ ಅನ್ನೋದೂ ಅವಾಗೇ ಗೊತ್ತಾಗ್ತದ.

ಈ ಬೇರಿನ ಆಳನೇ ನಿಮ್ಮ ಟಾಂಕಿ ಅಂತ ತಿಳ್ಕೋರಿ. ಎರಿ ಮಣ್ಣಾಗ ಬೇರು 20 ಸೆಂ.ಮೀ. ಇಳಿದಿದ್ರ ಹುಲ್ಲಿಗೆ ಸಿಗೋ ನೀರು ಸುಮಾರು 30ರಿಂದ 40 ಮಿ.ಮೀ., ಅದರಾಗ ಅರ್ಧ ಖಾಲಿ ಆಗೋತನಕ ಹುಲ್ಲಿಗೆ ತ್ರಾಸ ಇಲ್ಲ, ಅಂದ್ರ 15ರಿಂದ 20 ಮಿ.ಮೀ. ಖರ್ಚಾದ ಮ್ಯಾಲ ನೀರು ಹಾಕಿದ್ರ ಸಾಕು. ಜಂಬಿಟ್ಟಿಗೆ ಮಣ್ಣಾಗ ಅದೇ ಆಳಕ್ಕ ಬರೋಬ್ಬರಿ ಅರ್ಧ ಹಿಡೀರಿ, 10 ಮಿ.ಮೀ. ಖರ್ಚಾದ್ರ ಹಾಕ್ಲೇಬೇಕು. ಅದಕ್ಕೇ ಬೀದರದವರು ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ, ನಾವು ನಾಕು ದಿನಕ್ಕೊಮ್ಮೆ ಜಾಸ್ತಿ. ದಿನಾ ಸಂಜಿ ಪೈಪ್ ಹಿಡಿದು ಮ್ಯಾಲ ಮ್ಯಾಲ ತೋಯ್ಸೋ ಪದ್ಧತಿ ಭಾಳ ಕಡೆ ಅದ, ಅದು ಬಿಟ್ಟುಬಿಡ್ರಿ ಅಂತ ಕೈ ಮುಗಿದು ಹೇಳ್ತೀನಿ, ಮ್ಯಾಲಷ್ಟೇ ನೀರು ಸಿಕ್ಕರ ಬೇರು ಮ್ಯಾಲೇ ಉಳೀತದ, ಎರಡು ದಿನ ನೀರು ತಪ್ಪಿದ್ರ ಹುಲ್ಲು ಬಾಡ್ತದ.

ಲೀಟರ್ ಲೆಕ್ಕ

ಇದು ಒಂದು ಸಲ ತಲ್ಯಾಗ ಕೂತ್ರ ಸಾಕು. ಒಂದು ಚದರ ಮೀಟರ್ ಜಾಗಕ್ಕ 1 ಮಿ.ಮೀ. ನೀರಂದ್ರ 1 ಲೀಟರ್. ನಡುವಿನಿಂದ ಬೌಂಡರಿಗೆ 60 ಮೀಟರ್ ಇರೋ ಗ್ರೌಂಡ್ ಸುಮಾರು 11,300 ಚದರ ಮೀಟರ್ ಆಗ್ತದ, ಅಂದ್ರ 1 ಮಿ.ಮೀ.ಗೆ 11,300 ಲೀಟರ್, 5 ಮಿ.ಮೀ.ಗೆ 56,500 ಲೀಟರ್, 5 ಸಾವಿರ ಲೀಟರ್ ಟ್ಯಾಂಕರ್ ಹನ್ನೊಂದರ ಮ್ಯಾಲೇ ಬೇಕು. ಅದೇ 5 ಮಿ.ಮೀ. ಮಳಿ ಮ್ಯಾಲಿಂದ ಬಿದ್ರ ಫುಕಟ್. ಈ ಲೆಕ್ಕ ಗೊತ್ತಾದ ಮ್ಯಾಲ ಒಂದೊಂದು ಸಣ್ಣ ಮಳಿನೂ ಕಣ್ಣಿಗೆ ಟ್ಯಾಂಕರ್ ಕಂಡಂಗ ಕಾಣ್ತದ ನನಗ.

ಈಗ ಸ್ಪ್ರಿಂಕ್ಲರ್ ತಾಸಿಗೆ ಎಷ್ಟು ಮಿ.ಮೀ. ಕೊಡ್ತದ ಅನ್ನೋದು ತಿಳೀಬೇಕು, ಇಲ್ಲಂದ್ರ ಎಲ್ಲಾ ಅಂದಾಜಿನ ಮ್ಯಾಲ ನಡೀತದ. ನೆಟ್ಟಗ ನಿಲ್ಲೋ, ಮ್ಯಾಲ ಕೆಳಗ ಒಂದೇ ಅಗಲ ಇರೋ 12 ಡಬ್ಬಿ ತಗೋರಿ, ಎಲ್ಲಾ ಒಂದೇ ಸೈಜ್ ಇರಲಿ, ಸ್ಪ್ರಿಂಕ್ಲರ್ ಹತ್ತಿರ ದೂರ ನಡುವ ಅಂತ ಹರಡಿ ಇಡ್ರಿ. ಅರ್ಧ ತಾಸು ಓಡಿಸ್ರಿ. ಆಮ್ಯಾಲ ಶಾಲಿ ಸ್ಕೇಲ್ ಹಾಕಿ ಪ್ರತಿ ಡಬ್ಬಿ ಅಳೆದು ಬರೀರಿ. ಸರಾಸರಿ 6 ಮಿ.ಮೀ. ಬಂತಂದ್ರ ತಾಸಿಗೆ 12. ಇನ್ನ ಭಾಳ ಕಡಿಮಿ ಬಂದ ಮೂರು ಡಬ್ಬಿ ಸರಾಸರಿ ಬ್ಯಾರೆ ತಗದು ಒಟ್ಟು ಸರಾಸರಿ ಜೊತಿ ಹೋಲಿಸ್ರಿ, 70 ಪರ್ಸೆಂಟ್ ಮ್ಯಾಲಿದ್ರ ಪರವಾಗಿಲ್ಲ, 50 ಅಂತ ಬಂದ್ರ ನೀರು ಸರಿ ಹಂಚಲಾಕತ್ತಿಲ್ಲ ಅಂತ ಅರ್ಥ. ಅವಾಗ ಜಾಸ್ತಿ ಹೊತ್ತು ಓಡಿಸೋದು ಪರಿಹಾರ ಅಲ್ಲ, ನಾಜಲ್ ಬಿಚ್ಚಿ ತೊಳೀರಿ, ನಮ್ಮ ಬೋರ್ ನೀರಿನ ಸುಣ್ಣ ಕಟ್ಟಿಕೊಂಡಿರ್ತದ, ಡೊಂಕಾಗಿದ್ರ ನೆಟ್ಟಗ ಮಾಡ್ರಿ, ಪ್ರೆಶರ್ ನೋಡ್ರಿ. ನಮ್ಮಲ್ಲಿ ಬರೀ ನಾಜಲ್ ತೊಳೆದಿದ್ದಕ್ಕೇ ಒಂದು ಮೂಲಿಯ ಬೋಳು ಜಾಗ ಹಸರು ಆಯ್ತು, ಅಲ್ಲಿ ಗೊಬ್ಬರ ಕಡಿಮಿ ಅಂತ ಎರಡು ವರ್ಷ ಯೂರಿಯಾ ಹಾಕಿದ್ವಿ.

ಒಂದೇ ಸಲ ಹಾಕಬ್ಯಾಡ್ರಿ

ತಾಸಿಗೆ 12 ಕೊಡೋ ಸ್ಪ್ರಿಂಕ್ಲರ್, ತಾಸಿಗೆ 5 ಕುಡಿಯೋ ಮಣ್ಣು, ಉಳಿದದ್ದು ಎಲ್ಲಿಗೆ ಹೋಗ್ತದ? ತಗ್ಗಿಗೆ ಹರೀತದ, ಅಲ್ಲಿ ಪಾಚಿ ಕಟ್ತದ. ಅದಕ್ಕ 15 ನಿಮಿಷ ಓಡಿಸಿ, ಮುಕ್ಕಾಲು ತಾಸು ಬಿಟ್ಟು, ಮತ್ತ 15 ನಿಮಿಷ. ಗ್ರೌಂಡ್ ನಾಕು ಭಾಗ ಮಾಡಿಕೊಂಡ್ರ ಒಂದು ಭಾಗ ನೀರು ಕುಡಿಯೋತನಕ ಇನ್ನೊಂದು ಭಾಗ ನಡೀತದ, ಮೋಟ್ರು ಬಂದ್ ಮಾಡೋದೂ ಬ್ಯಾಡ. ಇಡೀ 15 ಮಿ.ಮೀ. ಒಂದೇ ದಿನಕ್ಕ ಮುಗಿಯದಿದ್ರ ಎರಡು ದಿನಕ್ಕ ಹಂಚಿ ಮುಗಿಸ್ರಿ. ಬಿರುಕು ಬಿಟ್ಟ ಮ್ಯಾಲ ಹಾಕೋದಾದ್ರ ಮೊದಲನೇ ನೀರು ಬಿರುಕಿನಾಗ ಸುರುದು ಬೇರಿನ ಕೆಳಗ ಹೋಗಿಬಿಡ್ತದ, ಹುಲ್ಲಿಗೆ ಸಿಗಂಗಿಲ್ಲ, ಅದಕ್ಕ ಎರಿ ಮಣ್ಣು ಬಾಯಿ ಬಿಡೋತನಕ ಕಾಯಲೇಬಾರ್ದು, ಬಿಟ್ಟಾಗಿದ್ರ ಸಣ್ಣ ಉಸುಕು ಮತ್ತು ಅದೇ ಮಣ್ಣು ಕೂಡಿಸಿ ತುಂಬಿ ಆಮ್ಯಾಲ ನೀರು ಬಿಡ್ರಿ. ಓಡುವಾಗ ಹುಡುಗ್ರ ಕಾಲು ಸಿಕ್ಕೊಂಡು ಹೊರಳೋದು ಇಂಥ ಬಿರುಕಿನಾಗೇ.

ಟೈಮ್ ಅಂದ್ರ ಬೆಳಗಿನ ಜಾವ, ಸೂರ್ಯ ಹುಟ್ಟೋಕಿಂತ ಮೊದಲು. ಗಾಳಿ ಕಡಿಮಿ ಇರ್ತದ, ಆವಿ ಆಗಂಗಿಲ್ಲ, ಬಿಸಿಲು ಬಿದ್ದ ಕೂಡಲೇ ಎಲಿ ಒಣಗ್ತದ. ಸಂಜಿ ಹಾಕಿದ್ರ ಎಲಿ ರಾತ್ರಿ ಪೂರ್ತಿ ಒದ್ದಿ ಇರ್ತದ, ಮಳಿಗಾಲದಾಗ ಶಿಲೀಂಧ್ರ ರೋಗ ಬರೋದೇ ಹಂಗ. ಹಳ್ಳಿ ಕಡೆ ತ್ರೀಫೇಸ್ ಕರೆಂಟ್ ಬರೋ ಟೈಮಿಗೆ ಬಿಡಬೇಕಾಗ್ತದ ಅಂತೀರಿ, ಖರೇ ಅದ, ಹಂಗಿದ್ರ ನಡು ಮಧ್ಯಾಹ್ನ ಒಂದು ತಪ್ಪಿಸ್ರಿ, ಕರೆಂಟ್ ಇದ್ದಾಗ ಟಾಂಕಿ ತುಂಬಿಕೊಂಡು ಬೆಳಿಗ್ಗೆ ಬಿಡೋ ವ್ಯವಸ್ಥಾ ಮಾಡಿಕೊಂಡ್ರ ಇನ್ನೂ ಚಲೋ.

ಖಾತೆ ಬರೆಯೋದು ಹೆಂಗ

ನೋಟ್‌ಬುಕ್ಕಿನಾಗ ಮೂರು ಕಾಲಂ: ಖರ್ಚು, ಜಮಾ, ಬಾಕಿ. ಖರ್ಚು ಅಂದ್ರ ಹುಲ್ಲು ಮತ್ತು ಬಿಸಿಲು ಕುಡಿದದ್ದು. ಏಪ್ರಿಲ್ ಮೇ ತಿಂಗಳದಾಗ ಇಲ್ಲಿ 40 ಡಿಗ್ರಿ ದಾಟಿದ ದಿನ ನಾನು 5 ಮಿ.ಮೀ. ಬರೀತೀನಿ, ಮೋಡ ಮುಚ್ಚಿದ ದಿನ 3, ಜಿಟಿಜಿಟಿ ಮಳಿ ಇದ್ದ ದಿನ 1 ಅಥವಾ 2, ಚಳಿಗಾಲದಾಗ ಎರಡೂವರೆ. ಇದು ಕರಿಕಿ ಜಾತಿ ಹುಲ್ಲಿನ ಲೆಕ್ಕ, ನಮ್ಮ ಗ್ರೌಂಡ್‌ಗಳಾಗ ಬರ್ಮುಡಾ ಅಂತ ಹಾಕೋ ಹುಲ್ಲೂ ಗಣಪತಿಗೆ ಏರ್ಸೋ ಕರಿಕಿನ ಕುಲದ್ದೇ, ಬಿಸಿಲು ತಡಕೊಳ್ಳೋದು ಅದಕ್ಕ ಹುಟ್ಟುಗುಣ. ಜಮಾ ಅಂದ್ರ ಮಳಿ ಮತ್ತು ನೀವು ಹಾಕಿದ ನೀರು. ಬಾಕಿ ಅಂದ್ರ ಖರ್ಚಿನಾಗ ಜಮಾ ಕಳೆದು ಮಣ್ಣಿಗೆ ಇನ್ನೂ ಕೊಡಬೇಕಾದ ನೀರು. ಮಳಿ ಅಳೀಲಿಕ್ಕೆ ಅದೇ ಡಬ್ಬಿ ಒಂದು ಬಯಲಾಗ, ಗಿಡ ಗ್ವಾಡಿ ಹತ್ತಿರ ಇಲ್ಲದಂಗ, ಇಟ್ರ ಆಯ್ತು. ಪ್ಯಾಟಿಯಾಗ ಎಷ್ಟು ಮಳಿ ಆಯ್ತು ಅನ್ನೋದು ನಿಮಗ ಉಪಯೋಗ ಇಲ್ಲ, ನಮ್ಮ ಅಡ್ಡಮಳಿ ಹೆಂಗಂದ್ರ ಕಲಬುರಗಿ ಸೂಪರ್ ಮಾರ್ಕೆಟ್ ಏರಿಯಾದಾಗ ಹೊಡದಿರ್ತದ, ಸೇಡಂ ರೋಡಿಗೆ ಒಂದು ಹನಿ ಬಿದ್ದಿರಂಗಿಲ್ಲ.

ಸೋಮವಾರ ಬಾಕಿ ಸೊನ್ನಿ ಅಂತ ಇಟ್ಕೋರಿ. ಮಂಗಳವಾರ 5, ಬುಧವಾರ 10, ಗುರುವಾರ ಮೋಡ, 13. ಶುಕ್ರವಾರ ಮತ್ತ 5, ಬಾಕಿ 18 ಆಯ್ತು, ಎರಿ ಮಣ್ಣಾದ್ರ ಶನಿವಾರ ಬೆಳಿಗ್ಗೆ ನೀರು ಹಾಕಬೇಕು. ಆದ್ರ ಶುಕ್ರವಾರ ಸಂಜಿನೇ ಆಕಾಶ ಕಪ್ಪಾಗ್ಲಾಕತ್ತದ, ಏನು ಮಾಡ್ತೀರಿ? ಇಲ್ಲೇ ಭಾಳ ಜನ ಎಡವ್ತಾರ. ಕೆಲವರು ಮಳಿ ಬರ್ತದಂತ ನಂಬಿ ಕೂತು ನಾಕು ದಿನ ಹುಲ್ಲು ಸುಡ್ತಾರ, ಕೆಲವರು ಬರಂಗಿಲ್ಲಂತ 18 ಪೂರ್ತಿ ಹಾಕಿ ರಾತ್ರಿ 20 ಮಿ.ಮೀ. ಮಳಿ ಬಿದ್ದಾಗ ಗ್ರೌಂಡ್ ಕೆಸರು ಮಾಡ್ಕೋತಾರ. ನನ್ನ ರೂಢಿ ಹೇಳ್ತೀನಿ: ಮಳಿ ಬರೋ ಸಂಭವ ಇದ್ದಾಗ ಅರ್ಧ ಅಷ್ಟೇ, ಅಂದ್ರ 8 ಅಥವಾ 9 ಮಿ.ಮೀ. ಹಾಕೋದು. ಮಳಿ ಬರದಿದ್ರ ಹುಲ್ಲಿಗೆ ಇನ್ನೆರಡು ದಿನ ತಡಿಯೋ ಶಕ್ತಿ ಬಂತು, ಬಂದ್ರ ಅದನ್ನ ಹಿಡ್ಕೊಳ್ಳಲಿಕ್ಕೆ ಮಣ್ಣಾಗ ಜಾಗ ಖಾಲಿ ಇರ್ತದ. ಜೂನ್‌ದಿಂದ ಅಕ್ಟೋಬರ್‌ತನಕ ಈ ಮಣ್ಣಿನ ಟಾಂಕಿ ಪೂರ್ತಿ ತುಂಬಲೇಬ್ಯಾಡ್ರಿ, ಯಾವಾಗ್ಲೂ 6–8 ಮಿ.ಮೀ. ಜಾಗ ಬಿಡ್ರಿ, ಮೃಗಶಿರಾ ಚಲೋ ಆಗಿ ಆರಿದ್ರಾ ಕೈ ಕೊಟ್ಟ ವರ್ಷನೂ ಇದೇ ಪದ್ಧತಿ ನಡೀತದ.

ಮಳಿ ಜಮಾ ಬರೆಯುವಾಗ ಎರಡು ಮಾತು. ಬ್ಯಾಸಿಗ್ಯಾಗ 2 ಮಿ.ಮೀ. ಒಳಗಿನ ಮಳಿ ಬರೀಬ್ಯಾಡ್ರಿ, ಅದು ಎಲಿ ಮ್ಯಾಲೇ ಒಣಗಿ ಹೋಗ್ತದ. ಹಂಗೇ 40 ಮಿ.ಮೀ. ಅರ್ಧ ತಾಸಿನಾಗ ಸುರದ್ರ 40 ಜಮಾ ಅಲ್ಲ, ಬಾಕಿ ಎಷ್ಟಿತ್ತೋ ಅಷ್ಟಕ್ಕಿಂತ ಜಾಸ್ತಿ ಮಣ್ಣು ಹಿಡಿಯಂಗಿಲ್ಲ, ಜೋರು ಮಳಿದಾಗ ಅದರಾಗಿಂದೂ ಭಾಳಷ್ಟು ಹರದು ಹೋಗಿರ್ತದ. ಅನುಮಾನ ಇದ್ರ ಉದ್ದನ ಸ್ಕ್ರೂಡ್ರೈವರ್ ಮಣ್ಣಾಗ ಚುಚ್ಚಿ ನೋಡ್ರಿ, ಸಲೀಸಾಗಿ ಒಂದು ಗೇಣು ಇಳೀತಂದ್ರ ನೀರು ಒಳಗ ಹೋಗ್ಯದ, ಎರಡು ಬೆರಳಿಗೇ ನಿಂತಂದ್ರ ಮಳಿ ಮ್ಯಾಲಷ್ಟೇ ತೋಯ್ಸಿ ಹೋಗ್ಯದ. ಹುಲ್ಲೂ ತಾನೇ ಹೇಳ್ತದ: ಬೂದಿ ನೀಲಿ ಬಣ್ಣ ತಿರುಗಿತು, ನಡೆದ ಹೆಜ್ಜಿ ಗುರುತು ಎದ್ದು ನಿಲ್ಲದೆ ಹಂಗೇ ಉಳೀತು ಅಂದ್ರ ಬಾಯಾರಿಕೆ ಆಗ್ಯದ. ನೋಟ್‌ಬುಕ್ ಒಂದು ಹೇಳಿ ಹುಲ್ಲು ಇನ್ನೊಂದು ಹೇಳಿದ್ರ ಹುಲ್ಲಿನ ಮಾತು ಕೇಳ್ರಿ, ಖಾತೆ ತಿದ್ದಿಕೋರಿ.

ಮುನ್ಸೂಚನೆಗೆ ಹವಾಮಾನ ಇಲಾಖೆಯ ಮೇಘದೂತ ಆ್ಯಪ್ ನೋಡ್ತೀನಿ, ರೈತರಿಗಂತ ಮಾಡಿದ್ದು, ಮಂಗಳವಾರ ಶುಕ್ರವಾರ ಜಿಲ್ಲಾವಾರು ಸಲಹಾ ಬರ್ತದ. ದಾಮಿನಿ ಆ್ಯಪ್ ಗ್ರೌಂಡಿನಾಗ ಕೆಲಸ ಮಾಡೋರ ಎಲ್ಲರ ಫೋನ್‌ದಾಗ ಇರಲಿ, 20 ಕಿ.ಮೀ., 40 ಕಿ.ಮೀ. ಒಳಗ ಸಿಡಿಲು ಬಿದ್ರ ತೋರಸ್ತದ. ನಮ್ಮ ಕಡೆ ಮೇ ತಿಂಗಳ ಸಂಜಿ ಬಯಲಾಗ ನಿಂತು ಪೈಪ್ ಎಳೀತಿದ್ದವರು ಗುಡುಗು ಕೇಳಿದ ಕೂಡಲೇ ಎಲ್ಲಾ ಬಿಟ್ಟು ಒಳಗ ಬರಬೇಕು, ಪೈಪು ಹೋದ್ರ ಹೋಗಲಿ.

ಮಳಿ ಜಾಸ್ತಿ ಆದಾಗ, ನೀರೇ ಇಲ್ಲದಾಗ

2015ರಾಗ ಬೆಂಗಳೂರಿನ ಭಾರತ–ದಕ್ಷಿಣ ಆಫ್ರಿಕಾ ಟೆಸ್ಟ್ ಒಂದೇ ದಿನ ಆಡಿ ನಾಕು ದಿನ ಮಳಿಗೆ ಹೋಗಿತ್ತು, 2017ರಾಗ ಚಿನ್ನಸ್ವಾಮಿಯೊಳಗ ನೆಲದ ಕೆಳಗಿಂದ ನೀರು ಎಳೆಯೋ ಸಬ್‌ಏರ್ ಯಂತ್ರ ಹಾಕಿದ್ರು. ನಮಗ ಅದು ಆಗೋ ಮಾತಲ್ಲ. ಆದ್ರ ನಡುವಿನಿಂದ ಬೌಂಡರಿ ಕಡೆ ಸ್ವಲ್ಪ ಇಳಿಜಾರು, ಸುತ್ತ ಒಂದು ಕಾಲುವಿ, ವರ್ಷಕ್ಕೆ ಒಂದೆರಡು ಸಲ ತೂತು ಹೊಡೆದು ಉಸುಕು ತುಂಬೋದು, ಇಷ್ಟು ನಮ್ಮ ಕೈಯಾಗ ಅದ. ಒದ್ದಿ ಎರಿ ಮಣ್ಣಿನ ಮ್ಯಾಲ ರೋಲರ್, ಟ್ರ್ಯಾಕ್ಟರ್ ಓಡಿಸಿದ್ರ ಮಣ್ಣು ಕಲ್ಲಿನಂಗ ಗಟ್ಟಿ ಆಗಿ ಮುಂದಿನ ನೀರು ಒಳಗೇ ಹೋಗಂಗಿಲ್ಲ. ಬೂಟಿಗೆ ಮಣ್ಣು ಮೆತ್ತಿಕೊಳ್ಳೋತನಕ ಪ್ರಾಕ್ಟೀಸ್ ಬಂದ್. ಹುಡುಗ್ರು ಬೈತಾರ, ಬೈಲಿ. (ಪಿಚ್ಚಿನ ನೀರಿನ ಲೆಕ್ಕ ಪೂರಾ ಬ್ಯಾರೆ, ಅದನ್ನ ರೋಲರ್ ಜೊತಿ ಸೇರಿಸಿ ನೋಡಬೇಕು, ಸ್ಪ್ರಿಂಕ್ಲರ್ ಅಲ್ಲಿಗೆ ಬೀಳದಂಗ ಮಾತ್ರ ನೋಡ್ಕೋರಿ.)

ಬರಗಾಲದ್ದು ಇನ್ನೂ ಕಷ್ಟದ ಮಾತು. 2016ರಾಗ ನಮ್ಮ ಬೀದರದ ಬಾಜು ಲಾತೂರಿಗೆ ಮಿರಜ್‌ನಿಂದ ರೈಲಿನಾಗ ಕುಡಿಯೋ ನೀರು ತಂದ್ರು, ಅದೇ ವರ್ಷ ಬಾಂಬೆ ಹೈಕೋರ್ಟ್ ಹೇಳಿದ ಮ್ಯಾಲ ಐಪಿಎಲ್ ಮ್ಯಾಚ್ ಮಹಾರಾಷ್ಟ್ರದಿಂದ ಹೊರಗ ಹೋದವು. ಜನ ಕೊಡ ಹಿಡಿದು ನಿಂತಾಗ ಗ್ರೌಂಡಿಗೆ ಕುಡಿಯೋ ನೀರು ಬಿಡೋದು ನನ್ನ ಕೈಲಿ ಆಗಂಗಿಲ್ಲ. ಅಂಥ ತಿಂಗಳದಾಗ ಹುಲ್ಲು ಕತ್ತರಿಸೋ ಎತ್ತರ ಎರಡು ಪಟ್ಟು ಮಾಡ್ರಿ, ಒಂದು ಸಲಕ್ಕ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬ್ಯಾಡ್ರಿ, ಕತ್ತರಿಸಿದ್ದು ಅಲ್ಲೇ ಬಿಡ್ರಿ, ಯೂರಿಯಾ ಬಂದ್. ಇರೋ ಸ್ವಲ್ಪ ನೀರು ಬೌಲರ್ ಓಡಿ ಬರೋ ಜಾಗ, 30 ಯಾರ್ಡ್ ಒಳಗ, ಫುಟ್‌ಬಾಲ್ ಆದ್ರ ಗೋಲ್ ಮುಂದ ಹಾಕ್ರಿ. ಬೌಂಡರಿ ಕಡೆ ಒಣಗಲಿ, ಕರಿಕಿ ಮ್ಯಾಲ ಒಣಗಿದ್ರೂ ಕೆಳಗಿನ ಗೆಣ್ಣು ಜೀವ ಹಿಡ್ಕೊಂಡಿರ್ತದ, ಎರಡು ಮಳಿಗೆ ಚಿಗೀತದ. ಶುದ್ಧ ಮಾಡಿದ ಚರಂಡಿ ನೀರು ಸಿಗೋ ಕಡೆ ಅದನ್ನೇ ಬಳಸ್ರಿ, 2024ರ ಬರದಾಗ ಬೆಂಗಳೂರಿನ ಸ್ಟೇಡಿಯಂ ಕೂಡ ಅಂಥ ನೀರಿನ ಮ್ಯಾಲೇ ನಡೀತು. ಆದ್ರ ಬಳಸೋ ಮುಂಚೆ ಒಂದು ಬಾಟಲಿ ಲ್ಯಾಬಿಗೆ ಕೊಟ್ಟು ಉಪ್ಪಿನ ಅಂಶ ನೋಡಿಸ್ರಿ, ಬೋರ್ ನೀರಿಗೂ ಇದೇ ಮಾತು, ಉಪ್ಪು ನೀರು ಎರಿ ಮಣ್ಣಿಗೆ ಬಿದ್ದು ಬಿದ್ದು ಮ್ಯಾಲ ಬಿಳೇ ಪುಡಿ ಕಟ್ಟಿದ್ರ ಆ ಜಾಗ ಸರಿ ಮಾಡ್ಲಿಕ್ಕೆ ವರ್ಷಗಟ್ಟಲೆ ಬೇಕು.

ಹಸ್ತಾ ಚಿತ್ತಾ ಮಳಿ ಮುಗಿದ ಮ್ಯಾಲ ದಿನದ ಖರ್ಚು ಇಳಿಸೋದು ಮರೀಬ್ಯಾಡ್ರಿ, ಟೈಮರ್ ಇದ್ರ ಪ್ರತಿ ತಿಂಗಳು ಒಂದನೇ ತಾರೀಖಿಗೆ ಬದಲಿ ಮಾಡ್ರಿ. ಡಿಸೆಂಬರ್ ಜನವರಿದಾಗ, ಅದರಾಗೂ ಬೀದರ ಕಡೆ ಚಳಿ ಜಾಸ್ತಿ, ಕರಿಕಿ ಹಳದಿ ತಿರುಗ್ತದ. ಅದು ಚಳಿಗೆ ಮಲಗಿದ್ದು. ಸ್ಕ್ರೂಡ್ರೈವರ್ ಚುಚ್ಚಿ ನೋಡ್ರಿ, ಸಲೀಸಾಗಿ ಇಳಿದ್ರ ಮೋಟ್ರು ಹಚ್ಚಬ್ಯಾಡ್ರಿ, ಶಿವರಾತ್ರಿ ಹೊತ್ತಿಗೆ ಬಿಸಿಲು ಏರಿದ್ರ ತಾನೇ ಹಸರಾಗ್ತದ.