ಗೋರಂಟಿ ಬಿಟ್ಟು ಹೇರ್‌ ಡೈ ಹಚ್ಚುವ ಮುನ್ನ: ಕೂದಲಿಗೊಂದು, ಚರ್ಮಕ್ಕೊಂದು ಪರೀಕ್ಷೆ

ವರ್ಷಗಟ್ಟಲೆ ಗೋರಂಟಿ ಹಚ್ಚಿಕೊಂಡು ಬಂದವರಿಗೆ ಒಂದು ಹಂತದಲ್ಲಿ ಅದು ಸಾಕೆನಿಸುವುದು ಸಹಜ. ಹಿಂದಿನ ರಾತ್ರಿಯೇ ಪುಡಿ ಕಲಸಿಡಬೇಕು, ಬೆಳಿಗ್ಗೆ ಹಚ್ಚಿಕೊಂಡು ಎರಡು ಮೂರು ಗಂಟೆ ಕೂರಬೇಕು; ಅಷ್ಟಾದರೂ ನರೆಗೂದಲು ಕಪ್ಪಾಗದೆ ಕಿತ್ತಳೆಗೆಂಪಾಗಿ ಎದ್ದು ಕಾಣುತ್ತದೆ. ಆಗ ಅಂಗಡಿಯಿಂದ ಡೈ ಪೆಟ್ಟಿಗೆ ತಂದು ಅದೇ ಭಾನುವಾರ ಹಚ್ಚಿಕೊಂಡುಬಿಡುವ ಆತುರ ಹುಟ್ಟುತ್ತದೆ. ದಯವಿಟ್ಟು ಎರಡು ದಿನ ತಡೆಯಿರಿ. ಶುದ್ಧ ಗೋರಂಟಿಯ ಮೇಲೆ ಡೈ ಹಚ್ಚುವುದು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಆದರೆ ನೀವು ಇಷ್ಟು ದಿನ ಹಚ್ಚಿದ್ದು ಬರೀ ಗೋರಂಟಿಯೇ ಎಂಬುದು ಮೊದಲು ಖಚಿತವಾಗಬೇಕು.

ಪೊಟ್ಟಣದಲ್ಲಿ ಇದ್ದುದೇನು?

ಗೋರಂಟಿ ಎಲೆಯಲ್ಲಿರುವ ಲಾಸೋನ್‌ ಎಂಬ ವರ್ಣದ್ರವ್ಯವು ಕೂದಲಿನ ಕೆರಟಿನ್‌ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದು ಕೊಡುವ ಬಣ್ಣ ಕಿತ್ತಳೆಯಿಂದ ಕೆಂಗಂದಿನವರೆಗೆ ಮಾತ್ರ, ಅದೂ ಕೆಲವು ಗಂಟೆಗಳ ನಂತರ. ರಾಜಸ್ಥಾನದ ಸೋಜತ್‌ನ ಹೆಸರಾಂತ ಮೆಹಂದಿಯಾಗಲಿ, ಹಿತ್ತಲಿನ ಗಿಡದ ಎಲೆಯಾಗಲಿ, ಈ ಮಾತು ಎಲ್ಲಕ್ಕೂ ಸಲ್ಲುತ್ತದೆ. ಆದ್ದರಿಂದ ಅರ್ಧ ಗಂಟೆಯಲ್ಲಿ ಕೂದಲನ್ನು ಕಪ್ಪಾಗಿಸುವ ‘ಕಪ್ಪು ಮೆಹಂದಿ’ಯ ಪುಡಿಯಲ್ಲಿ ಗೋರಂಟಿಯ ಜೊತೆಗೆ ಬೇರೇನೋ ಇದೆ ಎಂದೇ ತಿಳಿಯಬೇಕು. ಹಳೆಯ ಪೊಟ್ಟಣ ಸಿಕ್ಕರೆ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿರಿ. ಪ್ಯಾರಾ-ಫಿನೈಲಿನ್‌ಡೈಅಮೀನ್‌, ಅಂದರೆ ಪಿಪಿಡಿ ಎಂದಿದ್ದರೆ ನೀವು ಆಗಲೇ ರಾಸಾಯನಿಕ ಡೈ ಬಳಸುತ್ತಿದ್ದೀರಿ. ಇಂಡಿಗೊ, ಅಂದರೆ ನೀಲಿ ಗಿಡದ ಎಲೆಯ ಪುಡಿ ಎಂದಿದ್ದರೆ ಗಾಬರಿಯೇನಿಲ್ಲ. ಆದರೆ ಮುಂದೆ ಎಂದಾದರೂ ಬ್ಲೀಚ್‌ ಮಾಡಿಸಿದರೆ ಅಂಥ ಕೂದಲು ಹಸಿರಿಗೆ ತಿರುಗಬಹುದು ಎಂಬುದು ನೆನಪಿರಲಿ.

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಲೋಹದ ಲವಣಗಳಿಗೆ. ಸೀಸ, ತಾಮ್ರ, ಬೆಳ್ಳಿಯ ಲವಣಗಳನ್ನು ಬೆರೆಸಿ ಬಣ್ಣ ಗಾಢವಾಗಿಸಿದ ‘ಗೋರಂಟಿ’ ಹಲವು ದೇಶಗಳ ಮಾರುಕಟ್ಟೆಯಲ್ಲಿ ಇದ್ದುದುಂಟು. ಸೀಸದ ಸಂಯುಕ್ತವನ್ನು ಬಣ್ಣಕ್ಕಾಗಿ ಬಳಸಿದ ಸೌಂದರ್ಯವರ್ಧಕಗಳನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. ಆದರೆ ಚೀಟಿಯೇ ಇಲ್ಲದ ಬಿಡಿ ಪುಡಿಯಲ್ಲಿ ಏನಿದೆಯೆಂದು ಹೇಳುವವರು ಯಾರು? ಶಾಶ್ವತ ಹೇರ್‌ ಡೈ ಜೊತೆಗೆ ಬರುವ ಡೆವಲಪರ್‌ನಲ್ಲಿ ಹೈಡ್ರೋಜನ್‌ ಪೆರಾಕ್ಸೈಡ್‌ ಇರುತ್ತದೆ. ಕೂದಲಿನಲ್ಲಿ ಇಂಥ ಲೋಹ ಉಳಿದಿದ್ದರೆ ಪೆರಾಕ್ಸೈಡ್‌ ಅತಿ ವೇಗವಾಗಿ ಒಡೆದು ಕೂದಲು ಬಿಸಿಯೇರಬಹುದು, ವಿಚಿತ್ರ ಬಣ್ಣಕ್ಕೆ ತಿರುಗಬಹುದು, ಕೆಲವೊಮ್ಮೆ ತುಂಡಾಗಿ ಕೈಗೇ ಬರಬಹುದು.

ನಮ್ಮ ಮನೆಗಳ ಇನ್ನೆರಡು ರೂಢಿಗಳನ್ನೂ ಇಲ್ಲಿ ಹೇಳಬೇಕು. ಕಬ್ಬಿಣದ ಬಾಣಲೆಯಲ್ಲಿ ಚಹಾ ಡಿಕಾಕ್ಷನ್‌ ಮತ್ತು ನೆಲ್ಲಿಕಾಯಿ ಪುಡಿಯೊಂದಿಗೆ ರಾತ್ರಿಯಿಡೀ ಕಲಸಿಟ್ಟ ಗೋರಂಟಿ ಕಪ್ಪೇರುವುದು ಬಾಣಲೆಯ ಕಬ್ಬಿಣವು ಚಹಾ, ನೆಲ್ಲಿಯ ಒಗರಿನ ಅಂಶದೊಂದಿಗೆ ಸೇರುವುದರಿಂದ. ಆ ಕಬ್ಬಿಣದ ಸ್ವಲ್ಪಾಂಶ ಕೂದಲಿಗೂ ಹತ್ತುತ್ತದೆ. ತಾಮ್ರದ ಹಂಡೆಯಲ್ಲಿ ಕಾಯಿಸಿದ ನೀರಿನಲ್ಲಿ ಮೀಯುವವರ ಕೂದಲಿಗೂ ತಾಮ್ರದ ಲವಲೇಶ ಸೇರಬಹುದು. ಇವು ಮೋಸದ ಪುಡಿಯಷ್ಟು ಅಪಾಯಕಾರಿಯಲ್ಲವಾದರೂ ಮುಂದಿನ ಪರೀಕ್ಷೆಯನ್ನು ಬಿಡದಿರಲು ಇಷ್ಟು ಕಾರಣ ಸಾಕು.

ಕೂದಲಿನ ಪರೀಕ್ಷೆ

ಬಾಚಣಿಗೆಗೆ ಬಂದ ಹದಿನೈದಿಪ್ಪತ್ತು ಎಳೆಗಳನ್ನು ಕೂಡಿಡಿ. ಸಾಲದಿದ್ದರೆ ಕತ್ತಿನ ಹಿಂದೆ, ಒಳಪದರದಿಂದ ಒಂದು ಸಣ್ಣ ಎಳೆಗುಚ್ಛ ಕತ್ತರಿಸಿಕೊಳ್ಳಿ. ಹೆಚ್ಚು ಸಲ ಗೋರಂಟಿ ಕಂಡ ತುದಿಯ ಭಾಗ ಅದರಲ್ಲಿ ಇರಲೇಬೇಕು. ಒಂದು ಕೊನೆಯನ್ನು ದಾರದಿಂದ ಕಟ್ಟಿ, ಗಾಜಿನ ಅಥವಾ ಪ್ಲಾಸ್ಟಿಕ್‌ ಬಟ್ಟಲಲ್ಲಿಡಿ. ಕೈಗವಸು ತೊಟ್ಟು, ಡೈ ಮತ್ತು ಡೆವಲಪರ್‌ ಅನ್ನು ಪೆಟ್ಟಿಗೆಯಲ್ಲಿ ಹೇಳಿದ ಪ್ರಮಾಣದಲ್ಲೇ ಒಂದೊಂದು ಚಮಚೆಯಷ್ಟು ಬೆರೆಸಿ ಎಳೆಗಳಿಗೆ ಪೂರ್ತಿ ಬಳಿಯಿರಿ. ಕಿಟಕಿ ತೆರೆದಿರಲಿ, ಮುಖವನ್ನು ಬಟ್ಟಲಿನ ಮೇಲೆ ಬಗ್ಗಿಸಬೇಡಿ.

ಸೂಚನೆಯಲ್ಲಿ ಹೇಳಿದಷ್ಟು ಹೊತ್ತು ಕಾಯುತ್ತ ನಡುನಡುವೆ ಬಟ್ಟಲನ್ನು ಹೊರಗಿನಿಂದ ಮುಟ್ಟಿ ನೋಡಿ. ಬಟ್ಟಲು ಬಿಸಿಯಾದರೆ, ನೊರೆಯುಕ್ಕಿದರೆ, ಹೊಗೆಯಾಡಿದರೆ ಅಥವಾ ಕೆಟ್ಟ ವಾಸನೆ ಹೊರಟರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಧಾರಾಳ ನೀರು ಹೊಯ್ದು ಚೆಲ್ಲಿಬಿಡಿ. ಹಾಗೇನೂ ಆಗದಿದ್ದರೆ ತೊಳೆದು, ಒಣಗಿಸಿ, ಬಿಸಿಲಿನಲ್ಲಿ ಬಣ್ಣ ನೋಡಿ. ಹಸಿರು ಛಾಯೆ ಕಂಡರೂ, ಎಳೆದಾಗ ಎಳೆ ರಬ್ಬರಿನಂತೆ ಹಿಗ್ಗಿದರೂ, ಪುಡಿಯಾದರೂ ಆ ಡೈ ನಿಮ್ಮ ತಲೆಗೆ ಸಲ್ಲದು.

‘ಎರಡು ತಿಂಗಳು ಬಿಟ್ಟು ಹಚ್ಚಿದರೆ ಸರಿಹೋಗುತ್ತದೆ’ ಎಂಬ ಸಲಹೆ ಇಂಥ ಕೂದಲಿಗೆ ಅನ್ವಯಿಸುವುದಿಲ್ಲ. ಬುಡದಿಂದ ಹೊಸ ಕೂದಲು ಬರುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ ಮಾತ್ರ. ಹೀಗಾಗಿ 30 ಸೆಂಟಿಮೀಟರ್‌ ಉದ್ದದ ಕೂದಲು ಪೂರ್ತಿ ಹೊಸದಾಗಲು ಎರಡೂವರೆ ವರ್ಷ ಹಿಡಿಯುತ್ತದೆ. ಪರೀಕ್ಷೆಯಲ್ಲಿ ಸೋತ ಕೂದಲನ್ನು ಸ್ವಲ್ಪಸ್ವಲ್ಪವೇ ಕತ್ತರಿಸುತ್ತ ಹೊಸದು ಬೆಳೆಯಲು ಬಿಡುವುದೇ ಖಚಿತವಾದ ದಾರಿ. ಅಲ್ಲಿಯವರೆಗೆ ಶುದ್ಧ ಗೋರಂಟಿಯಲ್ಲೇ ಮುಂದುವರಿಯಬಹುದು.

ಚರ್ಮದ ಪರೀಕ್ಷೆ

ಕೂದಲು ಪಾಸಾದ ಮಾತ್ರಕ್ಕೆ ಚರ್ಮವೂ ಪಾಸಾದಂತಲ್ಲ. ಇದುವರೆಗೆ ಗೋರಂಟಿಯನ್ನಷ್ಟೇ ಬಳಸಿದವರ ಚರ್ಮಕ್ಕೆ ಪಿಪಿಡಿಯ ಪರಿಚಯವೇ ಇರದಿರಬಹುದು. ಇದರ ಅಲರ್ಜಿ ಹಚ್ಚಿದ ಕೂಡಲೇ ಕಾಣದೆ ಒಂದೆರಡು ದಿನ ತಡೆದು ಕಾಣಿಸಿಕೊಳ್ಳುವುದರಿಂದ 48 ಗಂಟೆ ಕಾಯಬೇಕು. ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಸಣ್ಣ ನಾಣ್ಯದಷ್ಟು ಜಾಗಕ್ಕೆ ಹಚ್ಚಿರಿ. ಡೆವಲಪರ್‌ ಬೆರೆಸಬೇಕೇ ಬೇಡವೇ, ಎಷ್ಟು ಹೊತ್ತಿಗೆ ತೊಳೆಯಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ. ಒಳಗಿನ ಚೀಟಿಯಲ್ಲಿ ಹೇಳಿದಂತೆಯೇ ಮಾಡಿ. ಕೂದಲಿನ ಪರೀಕ್ಷೆಯ ದಿನವೇ, ಅದೇ ಪೆಟ್ಟಿಗೆಯಿಂದ ಇದನ್ನೂ ಮಾಡಿಕೊಂಡರೆ ದಿನ ಉಳಿಯುತ್ತದೆ. ಟ್ಯೂಬು, ಬಾಟಲಿಗಳನ್ನು ಬೇರೆ ಬೇರೆಯಾಗಿ ಬಿಗಿಯಾಗಿ ಮುಚ್ಚಿಡಿ.

ತುರಿಕೆ, ಕೆಂಪು, ಊತ, ಗುಳ್ಳೆಗಳಲ್ಲಿ ಒಂದು ಕಂಡರೂ ತೊಳೆದು, ಡೈ ಆಲೋಚನೆಯನ್ನು ಬಿಟ್ಟು ಚರ್ಮರೋಗ ತಜ್ಞರನ್ನು ಕಾಣಿರಿ. ಜಾತ್ರೆಯಲ್ಲೋ ಪ್ರವಾಸದಲ್ಲೋ ಹಾಕಿಸಿಕೊಂಡ ಕಪ್ಪು ಮೆಹಂದಿ ಟ್ಯಾಟೂ ಹಿಂದೊಮ್ಮೆ ಗುಳ್ಳೆಯೆದ್ದಿದ್ದರೆ ಮನೆಯ ಪರೀಕ್ಷೆಯೂ ಬೇಡ, ನೇರವಾಗಿ ವೈದ್ಯರ ಬಳಿಗೇ ಹೋಗಿ. ಅಂಥ ಟ್ಯಾಟೂಗಳಲ್ಲಿ ಪಿಪಿಡಿ ಪ್ರಮಾಣ ವಿಪರೀತವಾಗಿರುವುದುಂಟು, ಒಮ್ಮೆ ಹುಟ್ಟಿದ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ‘ಅಮೋನಿಯಾ ಇಲ್ಲ’ ಎಂಬ ದಪ್ಪಕ್ಷರದ ಭರವಸೆಯೂ ಇಲ್ಲಿ ನೆರವಿಗೆ ಬಾರದು. ಅಮೋನಿಯಾ ಇಲ್ಲದ ಡೈಯಲ್ಲಿಯೂ ಪಿಪಿಡಿ ಇರಬಹುದು.

ಯಾವ ಬಣ್ಣ, ಹೇಗೆ ಹಚ್ಚುವುದು?

ಗೋರಂಟಿಯ ಕೆಂಪಿಗಿಂತ ಗಾಢವಾದ ಬಣ್ಣವನ್ನೇ ಆರಿಸಿಕೊಳ್ಳಿ. ಕಡುಕಂದು ಅಥವಾ ಕಪ್ಪು ಚೆನ್ನಾಗಿ ಹಿಡಿಯುತ್ತದೆ. ತಿಳಿಬಣ್ಣ ಬೇಕೆಂದರೆ ಹಳೆಯ ಕೆಂಪನ್ನು ಬ್ಲೀಚ್‌ನಿಂದ ತೆಗೆಯಬೇಕಾಗುತ್ತದೆ, ಅದು ಪೂರ್ತಿ ಹೋಗುವುದೂ ಇಲ್ಲ. ಈ ಕೆಲಸವನ್ನು ಮನೆಯಲ್ಲಿ ಮಾಡಕೂಡದು. ಪಾರ್ಲರಿಗೆ ಹೋದರೂ ಗೋರಂಟಿಯ ಇತಿಹಾಸವನ್ನು ಮುಚ್ಚಿಡದೆ ಹೇಳಿ.

ಡೈ ಹಚ್ಚುವ ದಿನ ತಲೆಗೆ ಸ್ನಾನ ಬೇಡ, ಒಂದೆರಡು ದಿನ ಮೊದಲೇ ಮಾಡಿರಿ. ನೆತ್ತಿಯ ಸಹಜ ಜಿಡ್ಡು ಉರಿಯನ್ನು ಸ್ವಲ್ಪ ತಡೆಯುತ್ತದೆ. ನೆತ್ತಿಯಲ್ಲಿ ಗಾಯ, ಕೆರೆತದ ಗೀರು ಇದ್ದರೆ ಮಾಯುವವರೆಗೆ ಮುಂದೂಡಿ. ಹಣೆಯಂಚು, ಕಿವಿಗಳಿಗೆ ವ್ಯಾಸಲೀನ್‌ ಸವರಿಕೊಳ್ಳಿ. ಲೋಹದ ಪಾತ್ರೆ ಬೇಡ, ಡೈಗೆ ಗೋರಂಟಿ ಪುಡಿ ಬೆರೆಸುವ ಪ್ರಯೋಗವೂ ಬೇಡ. ಬೈತಲೆ ತೆಗೆಯುತ್ತ ಮೊದಲು ಬುಡದ ನರೆಗೂದಲಿಗೆ ಹಚ್ಚಿ, ಆಮೇಲೆ ಉದ್ದಕ್ಕೆ ಎಳೆಯಿರಿ. ಗಡಿಯಾರ ನೋಡಿಕೊಂಡಿರಿ, ಹೆಚ್ಚು ಹೊತ್ತು ಬಿಟ್ಟರೆ ಬಣ್ಣ ಹೆಚ್ಚು ಕೂರುತ್ತದೆಂಬ ನಂಬಿಕೆಯಿಂದ ನೆತ್ತಿಗೆ ತೊಂದರೆಯೇ ಹೊರತು ಲಾಭವಿಲ್ಲ. ಹುಬ್ಬು, ರೆಪ್ಪೆಗಳಿಗೆ ಎಂದೂ ಹಚ್ಚಬಾರದು: ಕಣ್ಣಿಗೇ ಕುತ್ತಾಗಬಹುದೆಂಬ ಎಚ್ಚರಿಕೆಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸಬೇಕೆಂದು ನಿಯಮವೇ ಇದೆ.

ನೀರು ತಿಳಿಯಾಗುವವರೆಗೆ ಬೆಚ್ಚನೆಯ ನೀರಿನಲ್ಲಿ ತೊಳೆದುಕೊಳ್ಳಿ. ಮಿಕ್ಕ ಮಿಶ್ರಣವನ್ನು ಚೆಲ್ಲಿಬಿಡಿ. ಬಾಟಲಿಯಲ್ಲಿ ಮುಚ್ಚಿಟ್ಟರೆ ಒಳಗೆ ಅನಿಲ ತುಂಬಿ ಅದು ಸಿಡಿಯಬಹುದು. ಅಂದೋ ಮರುದಿನವೋ ರೆಪ್ಪೆ, ಮುಖ ಊದಿಕೊಂಡರೆ, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ, ಡೈ ಪೆಟ್ಟಿಗೆಯನ್ನೂ ಜೊತೆಗೆ ಒಯ್ಯಿರಿ. ಎಲ್ಲವೂ ಸುಸೂತ್ರವಾದರೆ ಮುಂದಿನ ಬಾರಿ ಹೊಸದಾಗಿ ಬೆಳೆದ ಬುಡಕ್ಕಷ್ಟೇ ಹಚ್ಚಿದರೆ ಸಾಕು. ಆದರೆ ಆಗಲೂ 48 ಗಂಟೆ ಮೊದಲು ಕಿವಿಯ ಹಿಂದೆ ಮತ್ತೆ ಹಚ್ಚಿ ನೋಡಬೇಕು, ಏಕೆಂದರೆ ಈ ಅಲರ್ಜಿ ಎರಡನೆಯ ಬಾರಿಗೂ ಹುಟ್ಟಬಹುದು, ಇಪ್ಪತ್ತನೆಯ ಬಾರಿಗೂ ಹುಟ್ಟಬಹುದು.