ಫಾರಿನ್ ಲೀಜನ್ ಸೈನಿಕನ ವೇಷ: ಟೋಪಿ, ನಡುಪಟ್ಟಿ, ಬಂದೂಕು ಸಿದ್ಧಮಾಡುವ ಬಗೆ

ವಿದೇಶಿಯರನ್ನು ಸೇರಿಸಿಕೊಂಡು ಕಟ್ಟಿದ ಫ್ರಾನ್ಸಿನ ಸೇನಾಪಡೆ ಫ್ರೆಂಚ್ ಫಾರಿನ್ ಲೀಜನ್. ಅದರ ಕತೆಯನ್ನು ಕಿರುಚಿತ್ರಕ್ಕೋ ನಾಟಕಕ್ಕೋ ಇಳಿಸುವಾಗ ಮೊದಲು ಕೆಡುವುದು ಟೋಪಿ. ಅಚ್ಚ ಬಿಳಿಯ, ಇಸ್ತ್ರಿ ಮುರಿಯದ ಕೆಪಿ (ಮುಂದೆ ಮೂತಿ ಚಾಚಿದ, ಚಪ್ಪಟೆ ನೆತ್ತಿಯ ದುಂಡು ಟೋಪಿ) ತೊಟ್ಟ ಹತ್ತು ಜನ ಮರಳಲ್ಲಿ ನಿಂತರೆ ಮದುವೆ ಬ್ಯಾಂಡಿನವರಂತೆ ಕಾಣುತ್ತಾರೆ. ಆ ಬಿಳುಪು ಬಟ್ಟೆಯಂಗಡಿಯಿಂದ ಬಂದದ್ದಲ್ಲ, ಬಿಸಿಲಿನಿಂದ ಬಂದದ್ದು. 1831ರಲ್ಲಿ ಹುಟ್ಟಿದ ಈ ಪಡೆಯ ನೆಲೆ 1962ರವರೆಗೂ ಅಲ್ಜೀರಿಯಾದ ಸಿದಿ ಬೆಲ್ ಅಬ್ಬೆಸ್‌ನಲ್ಲಿತ್ತು. ಕೆಂಪು-ನೀಲಿ ಕೆಪಿಯ ಮೇಲೆ ಹಾಕುತ್ತಿದ್ದ ಖಾಕಿ ಗವಸು ಒಗೆದೂ ಒಗೆದೂ, ಬಿಸಿಲಿಗೆ ಬೆಂದು ಬೆಳ್ಳಗಾಯಿತು. ಬಿಳಿ ಕೆಪಿಗೆ ಅಧಿಕೃತ ಮನ್ನಣೆ ಸಿಕ್ಕಿದ್ದು 1939ರಲ್ಲಿ. ನಿಮ್ಮ ಕತೆ 1900ರ ಆಸುಪಾಸಿನದಾದರೆ ಟೋಪಿಯ ಬಣ್ಣ ಮಾಸಿದ ಮೂಳೆಯ ಬಣ್ಣವಿರಲಿ.

ಕೆಪಿಯನ್ನು ನೇರ ಪಟ್ಟಿಯಿಂದ ಸುತ್ತಬೇಡಿ, ಡಬ್ಬಿಯಂತಾಗುತ್ತದೆ. ಮೇಲಕ್ಕೆ ಹೋದಂತೆ ಕಿರಿದಾಗಬೇಕು. ತಲೆಯ ಸುತ್ತಳತೆ 57 ಸೆಂ.ಮೀ. ಇದ್ದರೆ 1 ಸೆಂ.ಮೀ. ಸಡಿಲ ಸೇರಿಸಿ 58 ಎಂದಿಟ್ಟುಕೊಳ್ಳಿ. ದಾರಕ್ಕೆ ಪೆನ್ಸಿಲ್ ಕಟ್ಟಿ, ಒಂದೇ ಕೇಂದ್ರದಿಂದ 47.5 ಮತ್ತು 38.5 ಸೆಂ.ಮೀ. ತ್ರಿಜ್ಯದ ಎರಡು ಕಮಾನು ಎಳೆಯಿರಿ. 70 ಡಿಗ್ರಿಯಷ್ಟು ಕತ್ತರಿಸಿದರೆ ಕೆಳಗೆ 58, ಮೇಲೆ 47, ಎತ್ತರ 9 ಸೆಂ.ಮೀ. ಬರುತ್ತದೆ. ಅಂಟಿಸಲು ಒಂದು ತುದಿಯಲ್ಲಿ 2 ಸೆಂ.ಮೀ. ಹೆಚ್ಚು ಬಿಡಿ. ನೆತ್ತಿಯ ಬಿಲ್ಲೆ 15.3 ಸೆಂ.ಮೀ. ವ್ಯಾಸದ್ದು, ಅದು ಅಂಚಿನಿಂದ 1 ಸೆಂ.ಮೀ. ಕೆಳಗೆ ಕೂರಬೇಕು. ಆ ತಗ್ಗಿಲ್ಲದಿದ್ದರೆ ಪಕ್ಕದಿಂದ ನೋಡಿದಾಗ ಕೆಪಿಯ ಗುರುತೇ ಹೋಗುತ್ತದೆ. ರಟ್ಟು 2 ಮಿ.ಮೀ. ಸಾಕು. ಹಣೆಯ ಬೆವರಿಗೆ ಒಂದೇ ಮಧ್ಯಾಹ್ನದಲ್ಲಿ ಅದು ಮೆತ್ತಗಾಗುವುದರಿಂದ ಒಳಗಡೆ 4 ಸೆಂ.ಮೀ. ಅಗಲದ ರೆಕ್ಸಿನ್ ಪಟ್ಟಿ ಹೊಲಿಯಲೇಬೇಕು. ಮುಂದಿನ ಮೂತಿಗೆ ಕಪ್ಪು ರೆಕ್ಸಿನ್.

ಗವಸಿಗೆ ಕೋರಾ ಬಟ್ಟೆ ತನ್ನಿ. ಕತ್ತರಿಸುವ ಮುಂಚೆ ಬಿಸಿನೀರಲ್ಲಿ ನೆನೆಸಿ ಒಣಗಿಸಿ. ಹೊಲಿದಾದ ಮೇಲೆ ಕುಗ್ಗಿದರೆ ಗವಸು ಟೋಪಿಗೆ ಏರುವುದಿಲ್ಲ. ಆಮೇಲೆ 1 ಲೀಟರ್ ನೀರಿಗೆ 20 ಗ್ರಾಂ ಚಹಾಪುಡಿ ಕುದಿಸಿ ಸೋಸಿ, ಬಟ್ಟೆಯನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿ, ಹಿಂಡದೆ ಬಿಸಿಲಿಗೆ ಹರಡಿ. ಇನ್ನೊಂದು ಲಾಭವೂ ಇದೆ: ನಡುಹಗಲಿನ ಮರಳ ಮೇಲೆ ಅಚ್ಚ ಬಿಳಿ ಬಟ್ಟೆ ಕ್ಯಾಮೆರಾದಲ್ಲಿ ಸುಟ್ಟಂತಾಗಿ ಮಡಿಕೆಗಳೇ ಕಾಣುವುದಿಲ್ಲ, ಈ ಬಣ್ಣದಲ್ಲಿ ಪ್ರತಿ ಮಡಿಕೆಯೂ ಉಳಿಯುತ್ತದೆ. ಕತ್ತು ಮುಚ್ಚುವ ಹಿಂಬಟ್ಟೆಯನ್ನು 25 ಸೆಂ.ಮೀ. ಉದ್ದಕ್ಕೆ ಬೇರೆಯಾಗಿ ಹೊಲಿದು ಗುಂಡಿಯಲ್ಲಿ ಸಿಕ್ಕಿಸಿ. ಕೋಣೆಯೊಳಗಿನ ದೃಶ್ಯದಲ್ಲಿ ತೆಗೆಯಲು ಬರಬೇಕು.

ನೀಲಿ ನಡುಪಟ್ಟಿ ಸುಮಾರು 4 ಮೀಟರ್ ಉದ್ದ, 40 ಸೆಂ.ಮೀ. ಅಗಲ. 110 ಸೆಂ.ಮೀ. ಪನ್ನದ 4 ಮೀಟರ್ ಬಟ್ಟೆಯಲ್ಲಿ ಇಬ್ಬರಿಗೆ ಆಗುತ್ತದೆ. ಪಾಲಿಯೆಸ್ಟರ್ ಜಾರಿ ಬಿಚ್ಚಿಕೊಳ್ಳುವುದರಿಂದ ಉಣ್ಣೆ ಅಥವಾ ಫ್ಲಾನೆಲ್ ಒಳ್ಳೆಯದು. ಒಬ್ಬನೇ ಕಟ್ಟಿಕೊಳ್ಳಲು ಹೋಗಬೇಡಿ. ಉದ್ದಕ್ಕೆ ಎರಡಾಗಿ ಮಡಚಿ ಒಂದು ತುದಿಯನ್ನು ಗೆಳೆಯನ ಕೈಗೆ ಕೊಡಿ, ಅವನು ಬಿಗಿಯಾಗಿ ಎಳೆದು ಹಿಡಿಯಲಿ. ನೀವು ಇನ್ನೊಂದು ತುದಿಯನ್ನು ಸೊಂಟಕ್ಕೆ ಒತ್ತಿಕೊಂಡು ಅವನತ್ತ ಸುತ್ತುತ್ತಾ ಬನ್ನಿ. ಪಟ್ಟಿ ಕೋಟಿನ ಮೇಲೆ, ಬೆಲ್ಟು ಅದರ ಮೇಲೆ. ನಡಿಗೆಯಲ್ಲಿ ಮೊಣಕಾಲಿಗೆ ತಾಗದಂತೆ ಬೂದು-ನೀಲಿ ಕೋಟಿನ ಮುಂದಿನ ಎರಡು ಅಂಚನ್ನು ಹಿಂದಕ್ಕೆ ಮಡಚಿ ಗುಂಡಿ ಹಾಕಿ. ಹಸಿರು-ಕೆಂಪು ಭುಜಕುಚ್ಚು ಕವಾಯತಿಗೆ ಮೀಸಲು, ಮರಳಿನ ದಂಡಯಾತ್ರೆಗೆ ಬೇಡ.

ಬಂದೂಕು 1886ರ ಲೆಬೆಲ್. ಉದ್ದ 1.3 ಮೀಟರ್, ತೂಕ 4 ಕೆ.ಜಿ.ಗಿಂತ ತುಸು ಹೆಚ್ಚು. ಎಂಟು ಗುಂಡು ನಳಿಕೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಕೂರುತ್ತಿದ್ದವು, ಹಾಗಾಗಿ ಕೆಳಗೆ ಯಾವ ಪೆಟ್ಟಿಗೆಯೂ ಚಾಚಿರಬಾರದು. ಮರದ ನಕಲಿಯ ದೊಡ್ಡ ಕೊರತೆ ತೂಕ: ನಟ ಅದನ್ನು ಬೆತ್ತದಂತೆ ಎತ್ತಿ ಆಡಿಸುತ್ತಾನೆ, ಭುಜ ಬಾಗುವುದೇ ಇಲ್ಲ. ಮರದೊಳಗೆ 12 ಮಿ.ಮೀ. ಕಬ್ಬಿಣದ ಸರಳು ಹುದುಗಿಸಿ. ಮೀಟರಿಗೆ ಸುಮಾರು 890 ಗ್ರಾಂ ಸೇರುತ್ತದೆ. ಹೊರಗೆ ಚಿತ್ರೀಕರಿಸುವುದಾದರೆ ಸ್ಥಳೀಯ ಪೊಲೀಸರಿಗೆ ಮೊದಲೇ ತಿಳಿಸಿ.

ಹಳತು ಮಾಡುವ ಕೆಲಸಕ್ಕೆ ಕನಿಷ್ಠ ಎರಡು ದಿನ ಇಡಿ, ಇಡೀ ವೇಷದ ಜೀವ ಇದರಲ್ಲೇ ಇದೆ. ಬಟ್ಟೆ ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಬಂದೂಕಿನ ಪಟ್ಟಿ ಉಜ್ಜುವ ಬಲಭುಜ, ಗುಂಡಿನ ಚೀಲ ತಾಗುವ ಹೊಟ್ಟೆಯ ಎರಡು ಬದಿ, ಮೊಣಕೈ, ತೋಳಿನ ಅಂಚು: ಇಲ್ಲಿ ಮಾತ್ರ 80 ನಂಬರಿನ ಉಪ್ಪುಕಾಗದದಿಂದ ಉಜ್ಜಿ. ಬೆವರಿನ ಉಪ್ಪುಗೆರೆಗೆ ಒಂದು ಲೋಟ ಬಿಸಿನೀರಿಗೆ ನಾಲ್ಕು ಚಮಚ ಉಪ್ಪು ಕರಗಿಸಿ, ಬೆನ್ನಿನ ನಡುವೆ, ಕಂಕುಳಲ್ಲಿ ಬ್ರಷ್ಷಿನಿಂದ ಬಳಿಯಿರಿ. ಒಣಗಿದಾಗ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ; ಸಾಲದಿದ್ದರೆ ಅದರೊಳಗೆ ಇನ್ನೊಮ್ಮೆ. ಧೂಳಿಗೆ ಮುಲ್ತಾನಿ ಮಿಟ್ಟಿ. ಸಿಮೆಂಟ್ ಮಾತ್ರ ಬೇಡ, ಬೆವರು ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗಂತೂ ಅಪಾಯ.

ಜನ ಕಡಿಮೆಯೇ? ವಿಲಿಯಂ ವೆಲ್‌ಮನ್ 1939ರಲ್ಲಿ ಮಾಡಿದ ಲೀಜನ್ ಚಿತ್ರದಲ್ಲಿ ಸತ್ತ ಸೈನಿಕರನ್ನೇ ಕೋಟೆಯ ಕಿಂಡಿಗಳಲ್ಲಿ ಬಂದೂಕು ಹಿಡಿಸಿ ನಿಲ್ಲಿಸಲಾಗುತ್ತದೆ. ದೂರದ ಷಾಟಿಗೆ ಹುಲ್ಲು ತುಂಬಿದ ನಾಲ್ಕು ಬೊಂಬೆಗಳು ಹೀಗೇ ಕೆಲಸಕ್ಕೆ ಬರುತ್ತವೆ. ಕೆಪಿಯನ್ನು ಒಂದೊಂದರ ತಲೆಗೆ ಒಂದೊಂದು ಓರೆಯಲ್ಲಿ ಇಡಿ.

ಎದುರು ಪಕ್ಷದವರ ವೇಷಕ್ಕೂ ಇಷ್ಟೇ ಶ್ರಮ ಸಲ್ಲಬೇಕು. ಅದು ಅವರ ನೆಲ, ಬಂದವರು ಸೈನಿಕರು. ಎಲ್ಲರಿಗೂ ಒಂದೇ ಬಿಳಿ ನಿಲುವಂಗಿ ತೊಡಿಸಿ ಗುಂಪು ಮಾಡುವುದು ಅನ್ಯಾಯ. ಸಹಾರಾದ ಟುವಾರೆಗ್ ಸಮಾಜದಲ್ಲಿ ಮುಖ ಮುಚ್ಚುವವರು ಗಂಡಸರು, ಹೆಂಗಸರಲ್ಲ. ಅವರ ಮುಸುಕಿಗೆ ಕನಿಷ್ಠ 4 ಮೀಟರ್ ತೆಳು ಹತ್ತಿಬಟ್ಟೆ ಬೇಕು, ಕಣ್ಣಷ್ಟೇ ಕಾಣುವಂತೆ ಸುತ್ತಿ. ಅದರ ನೀಲಿ ಬಣ್ಣ ಮೈಗೆ ಹತ್ತುವಂಥದ್ದು. ಮುಸುಕು ಸರಿಸುವ ದೃಶ್ಯವಿದ್ದರೆ ನಟನ ಮೂಗು, ಕೆನ್ನೆಯ ಮೇಲೆ ನೀಲಿಯ ತೆಳು ಲೇಪವಿರಲಿ.